ಚಾಕು ತಾಗದ ಹೆಸರು

"ಹೆಸರೆಲ್ಲಿ?"

ಕೇಕಿನ ಡಬ್ಬದ ಮುಚ್ಚಳ ತೆರೆದವನು ಆಡಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಪರಿಚಯವಿಲ್ಲ.

ವಿಜಯನಗರದ ಆ ಪುಟ್ಟ ಮನೆಯ ಬಾಗಿಲಲ್ಲಿ ರಕ್ಷಿತಾ ಸೆರಗಿಗೆ ಕೈ ಒರೆಸಿಕೊಂಡಳು. ಅದು 2004ನೆಯ ಇಸವಿ. ಮೊಟ್ಟೆ ಹಾಕದ ಕೇಕು ಬೇಕೆಂದರೆ ಸುತ್ತಮುತ್ತಲಿನವರು ಅವಳ ಮನೆಗೇ ಬರುತ್ತಿದ್ದರು. ಈ ಕೇಕನ್ನು ಫೋನಿನಲ್ಲಿ ಹೇಳಿ ಮಾಡಿಸಿದವರು ಗೋಕುಲಂನ ಮಂಜುಳಮ್ಮ. ಮೊಮ್ಮಗಳು ಲಾಸ್ಯಳಿಗೆ ಐದು ತುಂಬುತ್ತದೆ, ಝೂನಲ್ಲಿ ನೋಡಿದ ಜಿರಾಫೆಯೇ ಬೇಕಂತೆ ಎಂದಿದ್ದರು. ಒಯ್ಯಲು ಬಂದವನು ಅವರ ಮಗ ಗುರುಕಿರಣ್.

ಹಳದಿ ಐಸಿಂಗಿನ ಜಿರಾಫೆ ಕತ್ತು ನೀಡಿಕೊಂಡು ಚೆಂದವಾಗಿಯೇ ನಿಂತಿತ್ತು. ಅದರ ಕಾಲ ಕೆಳಗೆ ಮಾತ್ರ ಖಾಲಿ.

"ಇಲ್ಲಿದೆ ನೋಡಿ." ರಕ್ಷಿತಾ ಒಂದು ರಟ್ಟಿನ ತುಂಡು ತೋರಿಸಿದಳು. ಅದರ ಮೇಲೆ ಗುಲಾಬಿ ಬಣ್ಣದಲ್ಲಿ 'ಲಾಸ್ಯ' ಎಂದಿತ್ತು. "ಕೇಕಿನ ಪಕ್ಕದಲ್ಲಿಟ್ಟರೆ ಆಯ್ತು. ನಾನು ಕೇಕಿನ ಮೇಲೆ ಯಾರ ಹೆಸರೂ ಬರೆಯಲ್ಲ."

"ಯಾರದ್ದೂ ಬರೆಯಲ್ವೋ... ನನ್ನ ಮಗಳದ್ದು ಮಾತ್ರ ಬರೆಯಲ್ವೋ?"

"ಯಾಕೆ ಹಾಗಂತೀರಿ?"

"ನಿಮ್ಮ ಕಿವಿಗೂ ಬಿದ್ದಿರಬೇಕು. ನೆಂಟರು ಆ ಮಗೂನ ಪಕ್ಕಕ್ಕಿಟ್ಟಿದ್ದು ಸಾಲದು ಅಂತ ನೀವು ಹೆಸರನ್ನೂ ಪಕ್ಕಕ್ಕಿಟ್ರಿ." ಅವನು ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. "ಬೇಡ ಬಿಡಿ. ಅವಳಿಗೆ ನಾನೇ ಏನಾದ್ರೂ ಹೇಳ್ಕೋತೀನಿ."

ಕೇಕನ್ನು ಅಲ್ಲಿಯೇ ಬಿಟ್ಟು ಹೊರಟವನ ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ರಕ್ಷಿತಾ ಅಲ್ಲಿಯೇ ನಿಂತಿದ್ದಳು. ನಾನು ಏನು ತಪ್ಪು ಮಾಡಿದೆ?

ಒಳಗಿನಿಂದ ಅತ್ತೆ ಪುಟ್ಟಲಿಂಗಮ್ಮ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಆ ಮಗು ಹುಟ್ಟಿದ ದಿನವೇ ತಾಯಿ ಲಿಂಗೈಕ್ಯಳಾದ್ಲು ಕಣಮ್ಮ. ಮಠದಲ್ಲಿ ಮಂಜುಳಮ್ಮ ಹೇಳ್ಕೊಂಡು ಅತ್ತಿದ್ರು. ಕಾಲ್ಗುಣ ಸರಿಯಿಲ್ಲ ಅಂತ ನೆಂಟರು ಆ ಹೆಸರೆತ್ತೋಕ್ಕೂ ಹಿಂಜರೀತಾರಂತೆ. ಹುಟ್ಟುಹಬ್ಬ ಅಂತ ಮಾಡ್ತಿರೋದು ಇದೇ ಮೊದಲು."

"ಮೊದಲೇ ಯಾಕೆ ಹೇಳಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಅಳ್ತಾ ಅಳ್ತಾ ಕೇಕು ಮಾಡ್ತಿದ್ದೆ. ಜಿರಾಫೆ ಉಪ್ಪುಪ್ಪಾಗ್ತಿತ್ತು."

ರಕ್ಷಿತಾಳಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಅವಳು ಕಲಿತು ಮಾಡಿದ ಮೊದಲ ಕೇಕು ಗಂಡ ಶಿವಪ್ರಸಾದನ ಹುಟ್ಟುಹಬ್ಬದ್ದು. ಅದರ ಮೇಲೆ ಅವನ ಹೆಸರನ್ನು ಅಕ್ಕರೆಯಿಂದ ಬರೆದಿದ್ದಳು. ಅವನು ನಗುತ್ತಾ ಹೆಸರಿನ ನಡುವೆಯೇ ಚಾಕು ಇಳಿಸಿದ್ದ. ಆ ತಿಂಗಳು ಕಳೆಯುವುದರೊಳಗೆ ಜ್ವರ ಅವನನ್ನು ಕರೆದೊಯ್ದಿತ್ತು. ಚಾಕುವಿನ ತಪ್ಪಲ್ಲವೆಂದು ಬುದ್ಧಿ ಬಲ್ಲದು. ಆದರೆ ಮನಸ್ಸಿಗೆ ಬುದ್ಧಿ ಹೇಳುವವರು ಯಾರು? ಅಂದಿನಿಂದ ಕೇಕಿನ ಮೇಲೆ ಹೆಸರು ಬರೆಯಲು ಅವಳ ಕೈ ಏಳುತ್ತಿರಲಿಲ್ಲ.

"ಅವತ್ತು ಆ ಕೇಕನ್ನ ನಾನೂ ತಿಂದೆ," ಎಂದರು ಪುಟ್ಟಲಿಂಗಮ್ಮ, ಸೊಸೆಯ ಮನಸ್ಸನ್ನು ಓದಿದವರಂತೆ. "ಮಗನ್ನ ಕಳ್ಕೊಂಡೋಳು ನಾನು ಹೇಳ್ತೀನಿ ಕೇಳು. ಶಿವ ಕರೆಸ್ಕೋಬೇಕಾದ್ರೆ ಚಾಕು ನೋಡಲ್ಲ. ಹೋಗು, ಆ ಮಗು ಹೆಸರು ಬರೆದು ಕೊಟ್ಟು ಬಾ."

ಬಟರ್ ಪೇಪರನ್ನು ಕೋನಿನಂತೆ ಸುತ್ತಿ, ಗುಲಾಬಿ ಐಸಿಂಗ್ ತುಂಬಿ, ಕಣ್ಣು ಮುಚ್ಚಿ ಒಂದು ಕ್ಷಣ ಶಿವನನ್ನು ನೆನೆದಳು. 'ಲಾ' ನಡುಗಿತು. 'ಸ್ಯ' ಮೂಡುವಾಗ ಕೈ ಹಿಡಿತಕ್ಕೆ ಬಂದಿತ್ತು.

ಆಟೋದಲ್ಲಿ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಗೋಕುಲಂ ಮುಟ್ಟಿದಾಗ ಸಂಜೆಯಾಗಿತ್ತು. ನಡುಮನೆಯಲ್ಲಿ ಬಲೂನುಗಳಿದ್ದವು, ಅಕ್ಕಪಕ್ಕದ ಮಕ್ಕಳಿದ್ದರು. ನೆಂಟರ ಪೈಕಿ ಯಾರೂ ಬಂದಂತಿರಲಿಲ್ಲ. ಮೇಜಿನ ಮೇಲೆ ಕೇಕಿನ ಬದಲು ಒಂದು ತಟ್ಟೆ ಮೈಸೂರುಪಾಕು. ಅದರ ಮುಂದೆ ಜರಿಲಂಗದ ಹುಡುಗಿ ಮುಖ ಊದಿಸಿಕೊಂಡು ನಿಂತಿದ್ದಳು.

ರಕ್ಷಿತಾ ಮುಚ್ಚಳ ತೆರೆದಳು.

"ಅಪ್ಪಾ, ಜಿರಾಫೆ! ಕೆಳಗಡೆ ನಾನೇ ಇದೀನಿ ನೋಡು."

ಗುರುಕಿರಣ್ ಆ ಎರಡು ಅಕ್ಷರಗಳನ್ನೇ ನೋಡುತ್ತಾ ನಿಂತ. ರಕ್ಷಿತಾ ಅವನಿಗೆ ಮಾತ್ರ ಕೇಳುವಂತೆ ತನ್ನ ಕಥೆಯನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು.

"ನಿಮ್ಮ ಮಗಳು ಚೆನ್ನಾಗಿರಲಿ ಅಂತಲೇ ಬರೆದಿರಲಿಲ್ಲ. ಬೇರೇನೂ ಅಲ್ಲ."

ಅವನ ತಲೆ ತಗ್ಗಿತು. "ನಾನು... ಕೇಳದೇನೇ ಅಂದ್ಬುಟ್ಟೆ."

ಅಷ್ಟರಲ್ಲಿ ಪಕ್ಕದ ಮನೆಯವರೊಬ್ಬರು ಮಗುವಿನ ಕೈಗೆ ಚಾಕು ಕೊಟ್ಟರು. ರಕ್ಷಿತಾ ಮುಖ ತಿರುಗಿಸಿದಳು. ಶಿವನೇ, ಈ ಕೂಸಿನ ಹೆಸರಾದರೂ...

ಅದನ್ನು ಕಂಡ ಗುರುಕಿರಣ್ ಮಗಳ ಕೈಯಿಂದ ಚಾಕು ತೆಗೆದುಕೊಂಡ. "ಅಮ್ಮ, ಮಠದಲ್ಲಿ ಪ್ರಸಾದ ಹೇಗೆ ಹಂಚ್ತಾರೆ?"

ಮಂಜುಳಮ್ಮ ಮಗನ ಮುಖ ನೋಡಿದರು, ಆಮೇಲೆ ರಕ್ಷಿತಾಳ ಮುಖ. "ಕೈಯಲ್ಲೇ ಕಣೋ. ಪ್ರಸಾದಕ್ಕೆ ಯಾರಾದ್ರೂ ಚಾಕು ಹಾಕ್ತಾರಾ? ಲಾಸ್ಯ, ಕೈ ತೊಳ್ಕೊಂಡು ಬಾ ಪುಟ್ಟಿ."

ಮಗು ಅಂಚಿನಿಂದ ಒಂದು ತುಂಡು ಮುರಿಯಿತು. ಮಕ್ಕಳೆಲ್ಲ ಮುರಿದರು. ಕೈಗೆ, ಮೂಗಿಗೆ, ಅಂಗಿಗೆ ಐಸಿಂಗ್. ಕೊನೆಗೆ ತಟ್ಟೆಯಲ್ಲಿ ಹೆಸರಿದ್ದ ಭಾಗವೊಂದೇ ಇಡಿಯಾಗಿ ಉಳಿಯಿತು. ಗುರುಕಿರಣ್ ಅದನ್ನು ಹಾಗೆಯೇ ಎತ್ತಿ ಮಗಳ ಬಾಯಿಗಿಟ್ಟ.

ಎಷ್ಟೋ ಕಾಲದ ಮೇಲೆ ರಕ್ಷಿತಾ ಕಣ್ತುಂಬಿಕೊಂಡೂ ನಕ್ಕಳು.

ಆಮೇಲೆ ಲಾಸ್ಯ ಭಾನುವಾರಗಳಂದು 'ಕೇಕಾಂಟಿ'ಯ ಮನೆಗೆ ಐಸಿಂಗಿನ ಹೂ ಹಿಂಡಲು ಬರತೊಡಗಿದಳು. ಅವಳನ್ನು ಬಿಡಲು ಬರುತ್ತಿದ್ದ ಗುರುಕಿರಣ್ ಬಾಗಿಲಿನಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಯ ಹೊಸ್ತಿಲಿಗೆ ಬಂದ.

"ಮಗೂನ ಬಿಟ್ಟು ಹೋಗೋಕ್ಕೆ ಇಷ್ಟು ಹೊತ್ತು ಬೇಕಾ?" ಎಂದು ಪುಟ್ಟಲಿಂಗಮ್ಮ ಛೇಡಿಸುತ್ತಿದ್ದರು. "ಇರಲಿ, ಬೆಣ್ಣೆ ಕಡೆಯೋಕ್ಕೆ ಒಂದಾಳು ಆಯ್ತು."

ಮುಂದಿನ ವರ್ಷ ಲಾಸ್ಯಳ ಹುಟ್ಟುಹಬ್ಬದ ದಿನ ಬಂದಿತು. ಬೆಳಗ್ಗೆ ಮಗುವಿನ ತಾಯಿಯ ಸಮಾಧಿಗೆ ಹೂ ಇಟ್ಟು ಬಂದರು. ರಕ್ಷಿತಾಳೂ ಜೊತೆಗಿದ್ದಳು. ಮಧ್ಯಾಹ್ನ ಅವಳು ತನ್ನ ಮನೆಯಲ್ಲಿ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದಾಗ ಗುರುಕಿರಣ್ ಹೊಸ್ತಿಲಲ್ಲಿ ನಿಂತ.

"ರಕ್ಷಿತಾ ಅವರೇ, ಹೋದೋರನ್ನ ಮರೀಬೇಕು ಅಂತ ನಾನು ಕೇಳಲ್ಲ. ನಾನೂ ಮರೆಯೋಕ್ಕಾಗಲ್ಲ. ಆದ್ರೆ... ನಮ್ಮನೇಲಿ ಇರ್ತೀರಾ?"

ಅವಳ ಕೈಯಲ್ಲಿದ್ದ ಕೋನು ನಿಂತಿತು. ಎದೆ ಹೂಂ ಎನ್ನುತ್ತಿತ್ತು. ಕಣ್ಣು ಮಾತ್ರ ಒಳಕೋಣೆಯ ಕಡೆ ಹೊರಳಿತು.

"ಅತ್ತೆನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ಬಿಟ್ಟು ಬನ್ನಿ ಅಂದೋರು ಯಾರು? ಅಮ್ಮ ಆಗಲೇ ಅವರಿಗೆ ರೂಮು ಗುಡಿಸಿಟ್ಟಿದ್ದಾರೆ."

"ಪೂಜೆಗೆ ಜಾಗ ಇದೆಯಾ ಕೇಳಮ್ಮ," ಒಳಗಿನಿಂದ ಧ್ವನಿ ಬಂತು. "ಆಮೇಲೆ ಹೂಂ ಅನ್ನು."

"ಇದೆ ಕಣ್ರಮ್ಮ," ಎಂದ ಗುರುಕಿರಣ್.

ರಕ್ಷಿತಾ ನಗುತ್ತಾ 'ಸ್ಯ' ಬರೆದು ಮುಗಿಸಿದಳು. ಕೈ ನಡುಗಲಿಲ್ಲ. ಅಂಚಿನಲ್ಲಿ ಒಂದು ಚೂರು ಮುರಿದು ಅವನತ್ತ ನೀಡಿದಳು.

"ಇದೇನು, ಉತ್ತರಾನಾ?"

"ಹೂಂ ರೀ... ಮೊದಲು ಕೈ ತೊಳ್ಕೊಂಡು ಬನ್ನಿ."