ಮೂರು ಬಡಿತದ ಕೋಲು

ರಂಜಾನಿನ ಕೊನೆಯ ವಾರದ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೈರೋ ನಡುಪೇಟೆಯ ಠಾಣೆಗೆ ಒಂದು ದೂರು ಬಂತು. ದೂರುದಾರನ ಹೆಸರು ತಾಮಿರ್ ಹಲವಾನಿ. ನರ್ಗಿಸ್ ನಾಟಕಶಾಲೆಯನ್ನು ಕೊಂಡ ಹೊಸ ಕಂಪನಿಯ ವ್ಯವಸ್ಥಾಪಕ. ಕಾಲಲ್ಲಿ ಬಿಳಿ ಬೂಟು. ನಡುಪೇಟೆಯ ಧೂಳಿನಲ್ಲಿ ಬೂಟನ್ನು ಅಷ್ಟು ಬೆಳ್ಳಗೆ ಇಟ್ಟುಕೊಂಡವನು ಕಾರಿನಿಂದ ಹೆಚ್ಚು ಇಳಿಯುವವನಲ್ಲ ಎಂದು ಕಾನ್ಸ್‌ಟೇಬಲ್ ಬಯ್ಯೂಮಿ ಅಂದುಕೊಂಡ.

ಇನ್ಸ್‌ಪೆಕ್ಟರ್ ತೌಫೀಕ್ ಶಿನ್ನಾವಿ ಕುರ್ಚಿಯಲ್ಲಿ ಕೂತಿರಲಿಲ್ಲ. ಉಪವಾಸದ ತಿಂಗಳಲ್ಲಿ ಹಗಲು ಸಿಗರೇಟಿಲ್ಲ. ಸಿಗರೇಟಿಲ್ಲದೆ ಅವನಿಗೆ ಒಂದು ಕಡೆ ಕೂರಲು ಬರುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಪ್ರಶ್ನೆ ಕೇಳಿದ.

"ಏನು ಕಳುವಾಗಿದೆ?"

"ಒಂದು ಕೋಲು."

"ಕೋಲಾ?"

"ನಾಟಕ ಶುರುವಾಗೋ ಮುಂಚೆ ವೇದಿಕೆ ಮೇಲೆ ಮೂರು ಸಲ ಬಡೀತಾರಲ್ಲ ಪಾಷಾ, ಆ ಕೋಲು. ಆಳೆತ್ತರ ಇದೆ. ತುದಿಗೆ ಹಿತ್ತಾಳೆ. ನಾಟಕಶಾಲೆ ಕಟ್ಟಿದಾಗಿಂದ ಇರೋದು." ಪೊಲೀಸ್ ಅಧಿಕಾರಿಗೆ ಅಲ್ಲಿ ಎಲ್ಲರೂ ಪಾಷಾ ಅನ್ನುವವರೇ.

"ಅದಿಲ್ದಿದ್ರೆ ಪರದೆ ಏಳಲ್ವಾ?"

"ಬಡಿತಾನ ರೆಕಾರ್ಡ್ ಮಾಡ್ಕೊಂಡಿದೀವಿ. ಕೋಲು ಕಚೇರಿ ಬೀರುವಿನಲ್ಲಿತ್ತು. ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡೋದಿತ್ತು. ಹಬ್ಬದ ದಿನ ಸಂಜೆ ಉದ್ಘಾಟನೆ. ಮಂತ್ರಿಗಳು ಬರ್ತಾರೆ."

"ಬೀರುವಿನ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರ ಒಂದು, ಬಾಗಿಲು ಕಾಯೋ ಹಸಾನೀನ್ ಹತ್ರ ಒಂದು. ಬರ್ಕೊಳ್ಳಿ, ಹಸಾನೀನ್."

"ಯಾರನ್ನ ಬರ್ಕೋಬೇಕು ಅಂತ ನಾವು ನೋಡ್ಕೋತೀವಿ."

ಎಫ್‌ಐಆರ್ ದಾಖಲಾಯಿತು. ಬಯ್ಯೂಮಿ ಠಸ್ಸೆ ಒತ್ತುವಷ್ಟರಲ್ಲೇ ಮೇಲಧಿಕಾರಿಗಳ ಫೋನು ಬಂತು. ಹಬ್ಬದೊಳಗೆ ಕೋಲು ಸಿಗಬೇಕು.

ಮಧ್ಯಾಹ್ನ ನಾಟಕಶಾಲೆಯಲ್ಲಿ ಪಂಚನಾಮೆ ನಡೆಯಿತು. ತಲಅತ್ ಹರ್ಬ್ ಬೀದಿಯ ಕಾಲುದಾರಿಯ ತುಂಬ ಹಬ್ಬದ ಬಟ್ಟೆ ಹರಡಿಕೊಂಡಿದ್ದರಿಂದ ಜೀಪು ಬಿಟ್ಟು ನಡೆದೇ ಹೋಗಬೇಕಾಯಿತು. ಒಳಗೆ ಬಡಗಿಗಳ ಗದ್ದಲ. ವೇದಿಕೆಯ ಮುಂಭಾಗದಲ್ಲಿ ಒಂದು ಗುಂಡಿಯಿದ್ದ ಜಾಗಕ್ಕೆ ಹೊಸ ಹಲಗೆ ಹೊಡೆದಿದ್ದರು.

"ಇದೇನು?" ತೌಫೀಕ್ ಹಲಗೆಯನ್ನು ಬೂಟಿನಿಂದ ತಟ್ಟಿದ.

"ಪ್ರಾಂಪ್ಟರ್ ಕೂರ್ತಿದ್ದ ಗುಂಡಿ. ನಟರಿಗೆ ಮಾತು ಮರೆತ್ರೆ ಅಲ್ಲಿಂದ ಪಿಸುಗುಟ್ತಿದ್ರು. ಈಗೆಲ್ಲಾ ಕಿವಿಗೆ ಸಾಧನ ಹಾಕ್ತೀವಿ," ಎಂದ ತಾಮಿರ್.

ಕಚೇರಿಯ ಬೀರುವಿನ ಬೀಗ ಒಡೆದಿರಲಿಲ್ಲ. ಒಳಗೆ ಕೆಂಪು ಮಖಮಲ್ಲಿನ ಉದ್ದನೆಯ ಗವಸು ಗೋಡೆಗೆ ಒರಗಿ ನಿಂತಿತ್ತು. ಗಾಜಿನ ಪೆಟ್ಟಿಗೆ ಬಂದ ದಿನ ತಾಮಿರ್ ಗವಸು ಬಿಚ್ಚಿದಾಗ ಅದರೊಳಗೆ ಬೇರೇನೋ ಇತ್ತು. ಹಸಿರು ಬಣ್ಣ ಬಳಿದ, ಉದ್ದ ಪೊರಕೆಯ ಹಿಡಿ. ಅದು ಎಷ್ಟು ದಿನದಿಂದ ಅಲ್ಲಿತ್ತೋ ಯಾರಿಗೂ ಗೊತ್ತಿಲ್ಲ.

ತೌಫೀಕ್ ಹಿಡಿಯನ್ನು ಬೆಳಕಿಗೆ ತಂದ. ಅದರ ಒಂದು ತುದಿ ಜಜ್ಜಿ ನಾರುನಾರಾಗಿತ್ತು. ನಾರಿನ ನಡುವೆ ಮೊಸಾಯಿಕ್ ನೆಲದ ಸಣ್ಣ ಚೂರುಗಳು ಸಿಕ್ಕಿಕೊಂಡಿದ್ದವು.

"ಪೊರಕೆ ಹಿಡೀನ ನೆಲಕ್ಕೆ ಯಾಕೆ ಚಚ್ತಾರೆ ಬಯ್ಯೂಮಿ?"

"ಇಲಿ ಹೊಡೆಯೋಕೆ ಸರ್."

"ಇಲಿ ಒಂದೇ ಜಾಗದಲ್ಲಿ ನಿಂತು ಹೊಡೆಸ್ಕೊಳತ್ತಾ?"

ಹಿಡಿಯ ವಿಷಯ ಹೊರಗೆ ಬಾಯಿ ಬಿಡಬಾರದೆಂದು ತೌಫೀಕ್ ತಾಮಿರ್‌ಗೆ ತಾಕೀತು ಮಾಡಿದ. ಪಂಚನಾಮೆಗೆ ಮೂವರು ಸಹಿ ಹಾಕಿದರು.

ಹಸಾನೀನನ ವಾಸ ನಾಟಕಶಾಲೆಯ ಪಕ್ಕದ ಓಣಿಯ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ. ಹೆಂಡತಿ ಬದ್ರಿಯಾ, ಮದುವೆಗೆ ಬಂದ ಮಗಳು, ಒಂದು ಒಲೆ, ಒಂದು ಮಂಚ. ಬಾಗಿಲ ಪಕ್ಕದ ಮೊಳೆಗೆ ಕೀಲಿಗೊಂಚಲು ತೂಗುತ್ತಿತ್ತು. ಬಾಗಿಲ ಮೂಲೆಯಲ್ಲೇ ಅವನ ಕಾವಲು ದೊಣ್ಣೆ. ಹೊರಗಿನ ಬೆಂಚಿನ ಮೇಲೆ ತೆಳ್ಳನೆಯ ಮುದುಕನೊಬ್ಬ ಕೂತು ಹಸಾನೀನನಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ಪೊಲೀಸರನ್ನು ಕಂಡು ಪತ್ರಿಕೆ ಮಡಿಸಿ ಎದ್ದು ನಿಂತ.

"ಇವರು ಫಿಕ್ರಿ ಉಸ್ತಾದ್ರು, ಪಾಷಾ," ಎಂದ ಹಸಾನೀನ್. ದಕ್ಷಿಣದ ಹಳ್ಳಿಯಿಂದ ಬಂದು ನಲವತ್ತು ವರ್ಷವಾದರೂ ಅವನ ಮಾತಿನ ಧಾಟಿ ಬದಲಾಗಿರಲಿಲ್ಲ. "ಇಲ್ಲೇ ಪ್ರಾಂಪ್ಟರ್ ಇದ್ದರ್ರೀ. ದಿನಾ ಮಧ್ಯಾಹ್ನ ಬಂದು ನನ್ನ ಜೋಡಿ ಕೂಡ್ತಾರ. ದೇಶದ ಸುದ್ದಿ ಎಲ್ಲಾ ನನಗ ಇವರ ಬಾಯಿಂದನ."

"ಕೋಲು ಎಲ್ಲಿ?"

"ಅದರ ಮ್ಯಾಲ ಕೈ ಇಟ್ಟಿಲ್ರೀ. ನನ್ನ ಮಗಳ ಮ್ಯಾಲ ಆಣೆ."

"ಮಗಳನ್ನ ಬಿಡು. ಕೀಲಿ ಈ ಮೊಳೆ ಬಿಟ್ಟು ಬೇರೆಲ್ಲಾದ್ರೂ ಹೋಗಿತ್ತಾ?"

"ಎಲ್ಲಿಗೂ ಇಲ್ರೀ."

ತನಗೆ ತಾನೇ ಕೇಡು ತಂದುಕೊಂಡಿದ್ದು ಅವನಿಗೆ ತಿಳಿಯಲಿಲ್ಲ. ಬೇರೆ ಯಾರ ಹೆಸರೂ ಇಲ್ಲದ ಮೇಲೆ ಉಳಿದದ್ದು ಅವನ ಹೆಸರೇ. ಸಂಜೆಗೆ ಮುಂಚೆ ಅವನನ್ನು ವಶಕ್ಕೆ ತೆಗೆದುಕೊಂಡರು. ವಿಚಾರಣೆಗೆ ನಾಲ್ಕು ದಿನ ಇಟ್ಟುಕೊಳ್ಳಲು ಸರ್ಕಾರಿ ವಕೀಲರು ಒಪ್ಪಿಗೆ ಕೊಟ್ಟರು. ಅಂದೇ ತಾಮಿರ್ ಬದ್ರಿಯಾಳಿಗೆ ಹೇಳಿ ಕಳಿಸಿದ: ಹಬ್ಬದ ಮುಂಚಿನ ದಿನದೊಳಗೆ ಕೋಣೆ ಖಾಲಿಯಾಗಬೇಕು, ಕಾವಲಿಗೆ ಕಂಪನಿಯ ಜನ ಬರುತ್ತಾರೆ.

ಬುಧವಾರವಿಡೀ ತೌಫೀಕ್ ನಡುಪೇಟೆಯನ್ನು ಸುತ್ತಿದ. ಹುದಾ ಶಅರಾವಿ ಬೀದಿಯ ಹಳೇ ಸಾಮಾನಿನ ವ್ಯಾಪಾರಿಗಳು ಇಲ್ಲವೆಂದು ಕೈ ಅಲ್ಲಾಡಿಸಿದರು. ಎಜ್ಬೆಕಿಯಾ ಉದ್ಯಾನದ ಬೇಲಿ ಬದಿಯ ಪುಸ್ತಕದ ಅಂಗಡಿಯವರು ಹಳೇ ನಾಟಕದ ಪೋಸ್ಟರ್ ತೋರಿಸಿದರು, ಕೋಲು ತೋರಿಸಲಿಲ್ಲ. ನಾಟಕಶಾಲೆಯ ಹಿಂದಿನ ಓಣಿಯ ಕಾಫಿಖಾನೆಯಲ್ಲಿ ಹಗಲಿಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು.

"ಹಸಾನೀನ್ ಕಾಕಾ ಕಳ್ಳನಾ?" ಕಾಫಿಖಾನೆಯವನು ನೆಲ ಒರೆಸುತ್ತಾ ನಕ್ಕ. "ಒಂದು ಸಲ ಯಾವಳೋ ನಟಿ ಕಿವಿಯೋಲೆ ಸಿಕ್ತು ಅಂತ ಅರ್ಧ ಊರು ಅಲೆದು ಕೊಟ್ಟು ಬಂದ. ಅವಳು ಇವನನ್ನೇ ಅನುಮಾನಿಸಿದ್ಲು. ಅವನ ಹಣೆಬರಹವೇ ಅಷ್ಟು, ಪಾಷಾ."

ಮಾರಾಟಕ್ಕಲ್ಲದಿದ್ದರೆ ಯಾಕೆ ಕದ್ದ? ತೌಫೀಕ್‌ಗೆ ಹಿಡಿಯ ಜಜ್ಜಿದ ತುದಿ ಬಿಡದೆ ಕಾಡಿತು. ರಾತ್ರಿ ಊಟದ ಮುಂದೆಯೂ ಅವನ ಕಾಲು ಮೇಜಿನಡಿ ಕುಣಿಯುತ್ತಲೇ ಇತ್ತು. ಹೆಂಡತಿ ತಟ್ಟೆ ಹಿಡಿದುಕೊಂಡು, "ಕಾಲು ನಿಲ್ಸಿ, ಸಾರು ಚೆಲ್ತಿದೆ," ಎಂದಳು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಹಸಾನೀನನನ್ನು ಮತ್ತೆ ಕರೆಸಿದರು. ಬದ್ರಿಯಾ ಠಾಣೆಯ ಮೆಟ್ಟಿಲ ಮೇಲೆ ಎರಡು ದಿನದಿಂದ ಕೂತಿದ್ದಳು. ಪಕ್ಕದಲ್ಲಿ ಗಂಟು ಕಟ್ಟಿದ ಪಾತ್ರೆ. ಫಿಕ್ರಿ ಗೆಳೆಯನಿಗೆಂದು ಸಂಜೆಯ ಊಟ ತಂದಿದ್ದ. ಬೀನ್ಸಿನ ಪಲ್ಯ, ರೊಟ್ಟಿ, ಉಪ್ಪಿನಕಾಯಿ. ಬಯ್ಯೂಮಿ ಅವನನ್ನು ವಿಚಾರಣೆಯ ಕೋಣೆಯಲ್ಲೇ ಗೋಡೆಯ ಬೆಂಚಿನ ಮೇಲೆ ಕೂರಿಸಿದ.

"ಕೋಲು ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ರೀ."

"ಬೀರು ತೆಗೆದಿದ್ದು ಯಾವಾಗ?"

"ನಾ ತೆಗೆದಿಲ್ರೀ."

ತೌಫೀಕ್ ಅವನ ಸುತ್ತ ಒಂದು ಸುತ್ತು ಬಂದ. "ನಾಳೆ ನಿನ್ನ ಹೆಂಡ್ತಿ ಮಗಳು ಬೀದೀಲಿ ಮಲಗ್ತಾರೆ. ನಿಜ ಹೇಳಿದ್ರೆ ನಾನೇ ಮಾತಾಡ್ತೀನಿ. ಕೋಲು ತೆಗೆದು ಗವಸಿನೊಳಗೆ ಬದಲಿಗೆ ಏನಿಟ್ಟೆ?"

ಹಸಾನೀನ್ ಬಾಯಿ ತೆರೆದ. ಮಾತು ಬರಲಿಲ್ಲ. ತುಟಿ ಒಣಗಿತ್ತು. ಹಾಗೇ ಬಾಯಿ ತೆರೆದುಕೊಂಡು ನಿಂತ. ಬಯ್ಯೂಮಿಯ ಲೇಖನಿ ಕಾಗದದ ಮೇಲೆ ಕಾಯುತ್ತಿತ್ತು.

"ಹಸಿರು ಪೊರಕೆ ಹಿಡಿ."

"ಹಸಿರು ಪೊರಕೆ ಹಿಡಿ, ಪಾಷಾ!" ಎಂದ ಹಸಾನೀನ್, ನೀರು ಸಿಕ್ಕವನ ಹಾಗೆ.

ತೌಫೀಕ್ ಮೇಜಿಗೆ ಅಂಗೈ ಬಡಿದ. "ಮುಗೀತು. ಬರ್ಕೋ."

ಬಯ್ಯೂಮಿ ಬರೆಯಲಿಲ್ಲ. "ಸರ್, ಯಾವುದನ್ನ ಬರ್ಕೊಳ್ಳಲಿ? ಮೊದಲು ಬೆಂಚಿನ ಕಡೆಯಿಂದ ಬಂದಿದ್ದನ್ನಾ, ಆಮೇಲೆ ಇವನು ಹೇಳಿದ್ದನ್ನಾ?"

ತೌಫೀಕ್ ನಿಧಾನವಾಗಿ ಬೆಂಚಿನ ಕಡೆ ತಿರುಗಿದ. ಫಿಕ್ರಿ ಊಟದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ತನ್ನ ಬಾಯಿಯನ್ನು ಮುಚ್ಚಿಕೊಂಡಿದ್ದ.

"ನಿಮಗೆ ಹೇಗೆ ಗೊತ್ತು ಉಸ್ತಾದ್?"

ಮುದುಕ ಕೈ ಕೆಳಗಿಳಿಸಿದ. "ಅದನ್ನ ಇಟ್ಟಿದ್ದು ನಾನೇ."

"ಸ್ನೇಹಿತನ ತಲೆಗೆ ಕಟ್ಟೋಕೆ ಹೇಳ್ಕೊಟ್ರಾ?"

"ಅಯ್ಯೋ, ಇಲ್ಲ ಪಾಷಾ. ಒಬ್ಬ ಹಾಗೆ ಬಾಯಿ ತೆರ್ಕೊಂಡು ನಿಂತ್ರೆ ನನಗೆ ತಡೆಯೋಕಾಗಲ್ಲ. ಬಾಯಿಗೆ ಬಂದ್ಬಿಡತ್ತೆ. ಏನು ಹೇಳ್ಕೊಟ್ಟೆ ಅಂತ ಹೇಳಿದ ಮೇಲೇ ಗೊತ್ತಾಗಿದ್ದು."

ಹಸಾನೀನ್ ಗೆಳೆಯನನ್ನು ನೋಡಿದ. "ನೀನೇನೋ? ನನ್ನ ಬೆಂಚಿನ ಮ್ಯಾಲ ಕೂತು, ನನ್ನ ಮೊಳಿಯಿಂದ ಕೀಲಿ ತಗೊಂಡಿ? ಎರಡು ದಿನ ನಾ ಇಲ್ಲಿ ಬಿದ್ದೀನಿ, ನೀ ದಿನಾ ಪಲ್ಯ ಹೊತ್ಕೊಂಡು ಬಂದೀ! ನನ್ನ ಕುತ್ತಿಗಿಗೆ ಹಗ್ಗಾನೂ ನೀನ ಹೇಳ್ಕೊಟ್ಟಿ! ಭಾಳ ಛಲೋ ಪ್ರಾಂಪ್ಟರ್ ನೋಡು ನೀ!"

"ದಿನಾ ಹೇಳ್ಬೇಕು ಅಂತಾನೇ ಬರ್ತಿದ್ದೆ," ಎಂದ ಫಿಕ್ರಿ. "ಆದ್ರೆ ಇನಾಯತ್‌ನ ಯಾರು ನೋಡ್ಕೋತಾರೆ?"

"ಇನಾಯತ್ ಯಾರು?" ತೌಫೀಕ್ ಕೇಳಿದ.

"ನನ್ನ ಹೆಂಡ್ತಿ. ನರ್ಗಿಸ್‌ನಲ್ಲಿ ನಾಯಕಿ ಪಾತ್ರ ಮಾಡ್ತಿದ್ಲು."

ನಾಲ್ಕೂವರೆಗೆ ಜಪ್ತಿಗೆ ಹೊರಟರು. ಫಿಕ್ರಿಯ ಮನೆ ನಾಟಕಶಾಲೆಯಿಂದ ಎರಡು ಬೀದಿ ಆಚೆ, ಹಳೆಯ ಕಟ್ಟಡದ ಕೊನೆಯ ಅಂತಸ್ತಿನಲ್ಲಿ. ಲಿಫ್ಟು ಕೆಟ್ಟು ಯಾವ ಕಾಲವಾಗಿತ್ತೋ. ಕೆಳಗಿನ ಅಂತಸ್ತಿನ ದರ್ಜಿ ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಹೊರಗೆ ಬಂದ.

"ಅಂತೂ ಪೊಲೀಸ್ರು ಬಂದ್ರಾ! ದಿನಾ ಸಂಜೆ ನನ್ನ ತಲೆ ಮೇಲೆ ಢಬ್, ಢಬ್, ಢಬ್. ಮೊದ್ಲು ಸಣ್ಣಗಿತ್ತು. ಈಗ ಈಗ ಸುಣ್ಣ ಉದುರತ್ತೆ ಸ್ವಾಮಿ."

ಬಯ್ಯೂಮಿ ತೌಫೀಕ್‌ನ ಮುಖ ನೋಡಿದ. ಇಲಿಯ ಮಾತು ಇಬ್ಬರಿಗೂ ನೆನಪಾಯಿತು.

ಒಳಗೆ ಕಿಟಕಿಯ ಪಕ್ಕ ಮುದುಕಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು. ತಲೆ ಎದೆಯ ಮೇಲೆ ಬಿದ್ದಿತ್ತು. ಮುಂದೆ ಮಧ್ಯಾಹ್ನದ ಗಂಜಿ ತಣ್ಣಗಾಗಿ ಕೆನೆ ಕಟ್ಟಿತ್ತು. ಬಂದವರನ್ನು ಅವಳು ನೋಡಲಿಲ್ಲ. ಬಾಗಿಲ ಹಿಂದೆ ಕೋಲು ನಿಂತಿತ್ತು. ಅದರ ಬುಡದಲ್ಲಿ ಮೊಸಾಯಿಕ್ ನೆಲ ಬಟ್ಟಲಿನಷ್ಟು ಗುಳಿ ಬಿದ್ದಿತ್ತು.

"ಮಾತು ಮರೀತಾ ಬಂದ್ಲು," ಎಂದ ಫಿಕ್ರಿ. "ಆಮೇಲೆ ನನ್ನ ಹೆಸರು. ಆಮೇಲೆ ಊಟ ಅಂದ್ರೆ ಏನು ಅನ್ನೋದು. ಒಂದಿನ ನೆಲ ಗುಡಿಸ್ತಾ ಪೊರಕೆ ಹಿಡಿ ಮೂರು ಸಲ ಬಡೀತು. ತಲೆ ಎತ್ತಿದ್ಲು ಪಾಷಾ! ಅವತ್ತಿಂದ ದಿನಾ ಬಡಿದೆ. ಕೆಲವು ದಿನ ಆದ್ಮೇಲೆ ಅದಕ್ಕೂ ಏಳಲಿಲ್ಲ. ಸದ್ದು ಹಗುರ ಆಯ್ತೇನೋ. ಅಲ್ಲಿ ಆ ಕೋಲು ಬೀರುವಿನೊಳಗೆ ಸುಮ್ನೆ ನಿಂತಿತ್ತು. ನಾಳೆ ಗಾಜಿನೊಳಗೆ ಹೋಗೋದು."

"ಕೇಳಬೇಕಿತ್ತು."

"ಕೇಳಿದೆ. ಆ ತಾಮಿರ್ ಹುಡುಗ ನನ್ನ ಜೊತೆ ನಿಂತು ಒಂದು ಫೋಟೋ ತೆಗೆಸ್ಕೊಂಡ. ಅಷ್ಟೇ."

ತೌಫೀಕ್ ಕೋಣೆಯಲ್ಲಿ ಅತ್ತಿತ್ತ ನಡೆದ. ಗೋಡೆಯ ಮೇಲಿನ ಚಿತ್ರಗಳನ್ನು ನೋಡಿದ, ತಣ್ಣನೆಯ ಗಂಜಿಯನ್ನು ನೋಡಿದ. "ಒಂದು ಸಲ. ಆಮೇಲೆ ಜಪ್ತಿ," ಎಂದ.

ಫಿಕ್ರಿ ಕೋಲನ್ನು ಎರಡು ಕೈಯಲ್ಲಿ ಎತ್ತಿ ಗುಳಿಗೆ ಬಡಿದ. ಮೂರು ಸಲ. ನೆಲ ನಡುಗಿತು. ಕೆಳಗಿನಿಂದ ದರ್ಜಿ ಏನೋ ಬೈದ.

ಇನಾಯತ್‌ಳ ಕತ್ತು ನೆಟ್ಟಗಾಯಿತು. ಗಲ್ಲ ಮೇಲೆ ಬಂತು. ಅಷ್ಟು ಸಣ್ಣ ದೇಹದಿಂದ ಬರಬಹುದೆಂದು ಯಾರೂ ಎಣಿಸದ ದನಿಯಲ್ಲಿ, "ದೀಪ ಆರಿಸಿದವರು ಯಾರು? ನಾನಿನ್ನೂ ಮನೆಗೆ ಬಂದಿಲ್ಲ," ಎಂದಳು. ಅಲ್ಲಿಗೆ ತಡೆದಳು. ಕಣ್ಣು ನೆಲದ ಕಡೆ ಇಳಿಯಿತು. ಫಿಕ್ರಿ ಆಗಲೇ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ.

"ಬಾಗಿಲು ತೆಗೆಯಿರಿ," ಎಂದು ಪಿಸುಗುಟ್ಟಿದ.

"ಬಾಗಿಲು ತೆಗೆಯಿರಿ!" ಎಂದಳು ಇನಾಯತ್.

ಹೀಗೇ ಮಾತಿನ ಮೇಲೆ ಮಾತು ಕೊಡುತ್ತಾ, ನಡುನಡುವೆ ಅವನು ಗಂಜಿ ತಿನ್ನಿಸಿದ. ಬಟ್ಟಲು ಬರಿದಾಯಿತು. ತೌಫೀಕ್ ಅಷ್ಟು ಹೊತ್ತೂ ಒಂದೇ ಕಡೆ ನಿಂತಿದ್ದುದನ್ನು ಬಯ್ಯೂಮಿ ಗಮನಿಸಿದ. ಜಪ್ತಿ ಪಂಚನಾಮೆಯಲ್ಲಿ ಇದು ಯಾವುದನ್ನೂ ಬರೆಯಲಿಲ್ಲ. ಕೋಲು ಒಂದು, ಹಿತ್ತಾಳೆ ತುದಿ, ಸುಸ್ಥಿತಿಯಲ್ಲಿದೆ. ಐದೂವರೆಗೆ ಫಿಕ್ರಿಯನ್ನು ಬಂಧಿಸಿದರು. ಅದೇ ಹೊತ್ತಿಗೆ ಹಸಾನೀನನನ್ನು ಬಿಟ್ಟರು. ಅವನು ಠಾಣೆಯ ಮೆಟ್ಟಿಲಿಳಿದು ಹೆಂಡತಿಯ ಗಂಟನ್ನು ಹೆಗಲಿಗೇರಿಸಿಕೊಂಡ. ಗೆಳೆಯನನ್ನು ಕರೆತಂದ ಜೀಪು ಒಳಗೆ ಬರುವಾಗ ಮುಖ ತಿರುಗಿಸಿದ. ಕೋಣೆಯ ವಿಷಯಕ್ಕೆ ತೌಫೀಕ್ ತಾಮಿರ್‌ಗೆ ಫೋನು ಮಾಡಿದ. ಏನು ಹೇಳಿದನೋ, ಪಾತ್ರೆಗಳು ಮೆಟ್ಟಿಲ ಕೆಳಗೆ ವಾಪಸಾದವು.

ಜಪ್ತಿಯಾದ ಮಾಲು ಮೊಕದ್ದಮೆ ಮುಗಿಯುವವರೆಗೆ ಉಗ್ರಾಣದಲ್ಲೇ ಇರಬೇಕು. ಹಬ್ಬದ ಸಂಜೆ ನರ್ಗಿಸ್‌ನ ಗಾಜಿನ ಪೆಟ್ಟಿಗೆ ಖಾಲಿಯಾಗಿಯೇ ಇತ್ತು. ಮಂತ್ರಿಗಳ ಬಂದೋಬಸ್ತಿಗೆ ಬಂದಿದ್ದ ತೌಫೀಕ್ ಪಕ್ಕದ ಓಣಿಗೆ ಸಿಗರೇಟು ಸೇದಲು ಬಂದ. ಅಲ್ಲಿ ಹಸಾನೀನನ ಬಾಗಿಲ ಮುಂದೆ ಕುರ್ಚಿ ಹಾಕಿ ಇನಾಯತ್‌ಳನ್ನು ಕೂರಿಸಿದ್ದರು. ಬದ್ರಿಯಾ ಸಕ್ಕರೆಪುಡಿ ಉದುರಿಸಿದ ಹಬ್ಬದ ಬಿಸ್ಕತ್ತು ಹಿಡಿದು ಗೋಗರೆಯುತ್ತಿದ್ದಳು. ಮುದುಕಿ ಬಾಯಿ ತೆರೆಯಲೊಲ್ಲಳು.

"ನೀನೇ ಕರ್ಕೊಂಡು ಬಂದೆಯಾ?" ತೌಫೀಕ್ ಹಸಾನೀನನನ್ನು ಕೇಳಿದ.

"ಮತ್ತ? ಅವನ ಮ್ಯಾಲ ಸಿಟ್ಟದ ಪಾಷಾ. ಈಕಿ ಮ್ಯಾಲ ಏನು ಸಿಟ್ಟು?"

ಒಳಗೆ ಧ್ವನಿವರ್ಧಕದಿಂದ ಮೂರು ಬಡಿತ ಕೇಳಿಸಿತು. ಇನಾಯತ್ ಅಲುಗಲಿಲ್ಲ.

ಹಸಾನೀನ್ ಒಳಗೆ ಹೋಗಿ ತನ್ನ ಕಾವಲು ದೊಣ್ಣೆ ತಂದ. ಕಲ್ಲಿನ ಮೆಟ್ಟಿಲಿಗೆ ಮೂರು ಸಲ ಕುಟ್ಟಿದ. ಓಣಿಯ ಗೋಡೆಗಳು ಸದ್ದನ್ನು ವಾಪಸು ಕಳಿಸಿದವು. ಮುದುಕಿಯ ತಲೆ ಮೇಲೆದ್ದಿತು. ಆ ದೊಣ್ಣೆ ಇಷ್ಟೂ ವರ್ಷ ಫಿಕ್ರಿ ಕೂರುವ ಬೆಂಚಿನಿಂದ ಕೈಗೆಟಕುವಷ್ಟು ದೂರದಲ್ಲೇ ಇತ್ತು.

"ದೀಪ ಆರಿಸಿದವರು ಯಾರು?" ಎಂದಳು ಇನಾಯತ್. "ನಾನಿನ್ನೂ ಮನೆಗೆ ಬಂದಿಲ್ಲ."

ತಡೆದಳು. ಕಣ್ಣು ನೆಲದ ಕಡೆ ಹೋಯಿತು. ಹಸಾನೀನ್ ದೊಣ್ಣೆ ಹಿಡಿದು, ಅಂದು ಠಾಣೆಯಲ್ಲಿ ನಿಂತ ಹಾಗೆಯೇ ಬಾಯಿ ತೆರೆದುಕೊಂಡು ನಿಂತ.

ತೌಫೀಕ್ ಹಚ್ಚದ ಸಿಗರೇಟನ್ನು ಜೇಬಿಗೆ ಹಾಕಿದ. ಸಮವಸ್ತ್ರದಲ್ಲೇ ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. "ಬಾಗಿಲು ತೆಗೆಯಿರಿ," ಎಂದ, ಮೆಲ್ಲಗೆ.

"ಬಾಗಿಲು ತೆಗೆಯಿರಿ!" ಎಂದಳು ಇನಾಯತ್. ಬದ್ರಿಯಾ ಆ ತೆರೆದ ಬಾಯಿಗೆ ಒಂದು ಚೂರು ಬಿಸ್ಕತ್ತು ಇಟ್ಟಳು. ಇನಾಯತ್ ಅಗಿದು ನುಂಗಿದಳು. ಮತ್ತೆ ಕೆಳಗೆ ನೋಡಿದಳು, ಮುಂದಿನ ಮಾತಿಗೆ.

ಅದು ತೌಫೀಕ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಠಾಣೆಯಲ್ಲಿದ್ದ.