ಬಿಳಿ ಡಬ್ಬಿಯ ತೋಟಾಗಳು

ಏಪ್ರಿಲ್ ಏಳು, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಆಲಿಕ್ ಟುಲ್ಲೊಕ್ ತಾನೇ ರಾಟಾಫೋರ್ಡ್ ಪೊಲೀಸ್ ಠಾಣೆಗೆ ಬಂದ. ಬಾಗಿಲಲ್ಲಿ ಕೆಸರು ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ಒಳಗೆ ನಡೆದು, ಕೋವಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದ. ಗುಂಡು ಹಾರದ ಹಾಗೆ ಅದರ ಬೋಲ್ಟನ್ನು ಆಗಲೇ ತೆಗೆದು ಬೇರೆ ಇಟ್ಟಿದ್ದ. ಆ ದಕ್ಷಿಣದ ನಾಡಿನಲ್ಲಿ ಏಪ್ರಿಲ್ ಎಂದರೆ ಚಳಿಗಾಲದ ಹೊಸ್ತಿಲು; ಅಷ್ಟು ಚಳಿಯಲ್ಲೂ ಮೈಮೇಲೆ ಕೋಟಿರಲಿಲ್ಲ.

ಕಾನ್‌ಸ್ಟೇಬಲ್ ಲೊಟು ಫಿಫಿತಾ ಬಾಯಲ್ಲಿದ್ದ ಚೀಸ್ ರೋಲನ್ನು ನುಂಗಿ ಎದ್ದು ನಿಂತ.

"ಏನಾಯ್ತು ಆಲಿಕ್?"

"ಒಬ್ಬನ್ನ ಹೊಡೆದುಬಿಟ್ಟೆ. ಜಿಂಕೆ ಅಂದ್ಕೊಂಡಿದ್ದೆ."

"ಎಲ್ಲಿ?"

"ಕೋಲ್ ಕ್ರೀಕ್ ಕಣಿವೆ, ಮೇಲ್ಗಡೆ. ಬೇಟೆ ಗುಡಿಸಲಿನ ಎದುರು ದಂಡೆ."

"ಉಸಿರಿದೆಯಾ?"

"ಇಲ್ಲ. ನನ್ನ ಕೋಟು ಹೊದಿಸಿ ಬಂದೆ."

"ಯಾರು ಅಂತ ಗೊತ್ತಾಯ್ತಾ?"

"ವೇನ್ ಗಿಲ್‌ಕ್ರಿಸ್ಟ್."

ಲೊಟು ಆ ಊರಿಗೆ ಬಂದು ಎರಡು ವರ್ಷ. ಹೆಸರನ್ನು ಹಾಗೇ ಬರೆದುಕೊಂಡ. ಒಳಕೋಣೆಯಲ್ಲಿ ಕುಳಿತಿದ್ದ ಡಿಟೆಕ್ಟಿವ್ ಸಾರ್ಜೆಂಟ್ ನೈರಿ ಪಾರಾಟಾಳಿಗೆ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಡಬೇಕಾಯಿತು. ಒಂಬತ್ತು ವರ್ಷಗಳ ಹಿಂದೆ ಅದೇ ಕಣಿವೆಯಲ್ಲಿ, ಗಂಡುಜಿಂಕೆಗಳು ಬೆದೆಗೆ ಕೂಗುವ ಇದೇ ಬೇಟೆಯ ಕಾಲದಲ್ಲಿ, ವೇನ್ ಗಿಲ್‌ಕ್ರಿಸ್ಟ್ ಹಾರಿಸಿದ ಗುಂಡಿಗೆ ಆಲಿಕ್‌ನ ಒಬ್ಬನೇ ಮಗ ರೋರಿ ಸತ್ತಿದ್ದ. ವೇನ್ ಕೂಡ ಆಗ ಹೇಳಿದ್ದು ಇದನ್ನೇ, ಜಿಂಕೆ ಅಂದುಕೊಂಡೆ ಎಂದು. ನ್ಯಾಯಾಲಯ ಅದನ್ನು ಅಜಾಗರೂಕತೆ ಎಂದು ತೀರ್ಮಾನಿಸಿ, ಕೆಲವು ತಿಂಗಳ ಗೃಹಬಂಧನ ಕೊಟ್ಟು, ಕೋವಿಯ ಪರವಾನಗಿ ಕಿತ್ತುಕೊಂಡು ಬಿಟ್ಟಿತ್ತು. ಸಾವಿನ ಸುದ್ದಿ ಹೊತ್ತು ಟುಲ್ಲೊಕ್ ಮನೆಯ ಬಾಗಿಲು ತಟ್ಟಿದ್ದ ಕಾನ್‌ಸ್ಟೇಬಲ್ ನೈರಿಯೇ.

ಅವಳು ಹೊರಬಂದು ಆಲಿಕ್‌ನ ಮುಖ ನೋಡಿದಳು. ಅವನೂ ನೋಡಿದ. ಇಬ್ಬರೂ ಆ ಮಾತೆತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸ್ಥಳ ಪಂಚನಾಮೆ ಶುರುವಾಯಿತು. ಹಳ್ಳದ ಆಚೆ ದಂಡೆಯಲ್ಲಿ, ಬೀಚ್ ಮರಗಳ ಅಂಚಿನ ಬಂಡೆಗೆ ಒರಗಿದ ಹಾಗೆ ಶವ ಬಿದ್ದಿತ್ತು. ಕಂದು ಉಣ್ಣೆಯ ಅಂಗಿ. ಗುಂಡು ಎದೆಯ ನಡುವೆ ಹೊಕ್ಕಿತ್ತು. ಪಕ್ಕದಲ್ಲಿ ಚಹಾದ ಫ್ಲಾಸ್ಕ್, ಜಿಂಕೆಯ ಹಾಗೆ ಕೂಗಲು ಬಳಸುವ ಪ್ಲಾಸ್ಟಿಕ್ ಕೊಳವೆಯ ತುಂಡು, ಬೇಟೆಗಾರರು ದೂರದಿಂದ ಕಾಣಲೆಂದು ಹಾಕುವ ಕಿತ್ತಳೆ ಟೊಪ್ಪಿ, ಕಳಚಿಟ್ಟದ್ದು. ಕೋವಿ ಇರಲಿಲ್ಲ. ಸುತ್ತ ಹುಡುಕಿದರು. ಚೀಲದಲ್ಲೂ ಇಲ್ಲ, ಕಾರಿನಲ್ಲೂ ಇಲ್ಲ, ಒಂದು ತೋಟಾ ಕೂಡ ಇಲ್ಲ.

"ಕೋವಿ ಇಲ್ಲದೆ ಬೇಟೆಗೆ ಯಾರು ಬರ್ತಾರೆ ಸಾರ್ಜ್?" ಎಂದ ಲೊಟು.

"ಬರೀ ಕೂಗು ಕೇಳೋಕೆ ಬರೋರು."

ನೈರಿ ಅವನನ್ನು ಈಚೆ ದಂಡೆಗೆ, ಆಲಿಕ್ ತೋರಿಸಿದ್ದ ಜಾಗಕ್ಕೆ ಕಳಿಸಿ, ತಾನು ಬಂಡೆಯ ಬಳಿ ಕುಳಿತಳು. ಲೊಟು ಹುಲ್ಲಿನ ಮೇಲೆ ಬೋರಲು ಮಲಗಿ, ಖಾಲಿ ಕೋವಿಯ ದುರ್ಬೀನಿನಲ್ಲಿ ಕಣ್ಣಿಟ್ಟ. ತುಸು ಹೊತ್ತಿನಲ್ಲಿ ವಾಕಿಟಾಕಿ ಕರಕರ ಎಂದಿತು.

"ಸಾರ್ಜ್, ನಿಮ್ಮ ಗಲ್ಲದ ಮೇಲೆ ಕೆಸರಾಗಿದೆ."

"ಇಷ್ಟು ದೂರದಿಂದ ಕಾಣುತ್ತಾ?"

"ಎಡಗಲ್ಲ. ಒರೆಸ್ಕೊಳ್ಳಿ."

ಆದರೆ ಬೆಳಿಗ್ಗೆ ಕಣಿವೆಯಲ್ಲಿ ಮಂಜಿತ್ತು ಎಂದು ಆಲಿಕ್ ಹೇಳಿಕೆ ಕೊಟ್ಟಿದ್ದ. ಮಂಜಿರಲಿಲ್ಲ ಎನ್ನಲು ಸಾಕ್ಷಿಗಳಿರಲಿಲ್ಲ.

ಸಂಜೆ ವೇನ್‌ನ ಹೆಂಡತಿ ಕೊಲೀನ್‌ಳ ಮನೆಗೆ ನೈರಿಯೇ ಹೋದಳು. ಕೊಲೀನ್ ಅಡುಗೆಮನೆಯ ಕುರ್ಚಿಯ ಬೆನ್ನನ್ನು ಹಿಡಿದು ನಿಂತೇ ಎಲ್ಲವನ್ನೂ ಕೇಳಿದಳು.

"ಪ್ರತಿ ವರ್ಷ ಹೋಗ್ತಿದ್ದ," ಎಂದಳು. "ಕೋವಿ ಮುಟ್ಟಿಲ್ಲ ಅವತ್ತಿಂದ. ಹೋಗಿ ಆ ಬಂಡೆ ಹತ್ರ ಕೂತು ಬರ್ತಿದ್ದ. ಒಂದೆರಡು ಸಲ ಕೂಗ್ತಿದ್ದ, ಜಿಂಕೆ ಓಗೊಡ್ತಿತ್ತು. ಅಷ್ಟೇ."

"ಈ ವರ್ಷ ಪರವಾನಗಿ ವಾಪಸ್ ಬಂದಿತ್ತಾ?"

"ಬಂತು. ನಾನೇ ಅರ್ಜಿ ಹಾಕಿಸಿದ್ದೆ. ಎಷ್ಟು ದಿನ ಹೀಗೆ ಸತ್ತೋನ ಹಾಗೆ ಇರ್ತೀಯಾ ಅಂತ. ಅವನು ಕವರನ್ನೂ ಒಡೀಲಿಲ್ಲ." ಕುರ್ಚಿಯನ್ನು ಮೇಜಿನಡಿ ಸರಿಸಿ ಅಂದಳು: "ಆಲಿಕ್‌ಗೆ ಹೇಳು, ನಾನು ಅವನನ್ನ ದೂರೋದಿಲ್ಲ. ಗೊತ್ತಿಲ್ದೆ ಆಗೋದು ಅಂದ್ರೇನು ಅಂತ ಈ ಮನೇಲಿ ನಾವು ನೋಡಿದೀವಿ."

ಮರುದಿನ ಜಿಲ್ಲಾ ಕೇಂದ್ರದಿಂದ ಫೋನು ಬಂತು. ಎರಡೂ ಮನೆಯವರು ಆಕಸ್ಮಿಕ ಎನ್ನುತ್ತಿರುವಾಗ ಹಳೆಯ ಗಾಯ ಕೆದಕಬೇಕೇ ಎಂದು ಮೇಲಧಿಕಾರಿ ಕೇಳಿದರು. ಇನ್ನೊಂದು ವಾರ ಕೊಡಿ ಎಂದಳು ನೈರಿ.

ಆಕೆಯನ್ನು ಕಾಡಿದ್ದು ಕೋವಿಯಲ್ಲಿ ಉಳಿದಿದ್ದ ಮೂರು ತೋಟಾಗಳು. ಅಂಗಡಿಯ ಮಾಲಲ್ಲ, ಮದ್ದು ಗುಂಡು ಕೈಯಾರೆ ತುಂಬಿದವು. ಅವುಗಳನ್ನು ಬೆರಿಲ್ ಹೆಮೊಪೊಳ ಮಾಂಸದಂಗಡಿಗೆ ಒಯ್ದಳು. ಬೆರಿಲ್ ಊರಿನ ಕೋವಿ ಕ್ಲಬ್ಬಿನ ಅಧ್ಯಕ್ಷೆ. ಊರವರು ಹೊಡೆದ ಜಿಂಕೆಗಳನ್ನು ಸುಲಿದು ಕೊಡುವವಳೂ ಅವಳೇ. ಏಪ್ರನ್ನಿಗೆ ಕೈ ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿದ್ದ ತೋಟಾವನ್ನು ಬೆಳಕಿಗೆ ಹಿಡಿದಳು.

"ಆಲಿಕ್‌ನದೇ. ಹಿತ್ತಾಳೆ ಕೊಳವೆಯ ಕತ್ತು ನೋಡು, ಹೇಗೆ ಕಾಯಿಸಿ ಹದ ಮಾಡಿದಾನೆ. ಈ ಮನುಷ್ಯ ಮದ್ದನ್ನ ಕಾಳು ಕಾಳು ಎಣಿಸಿ ತೂಗ್ತಾನೆ ಕಣೇ. ನಾವು ತಮಾಷೆ ಮಾಡ್ತೀವಿ, ಹೆಂಡ್ತಿಗೆ ಚಹಾ ಸಕ್ಕರೆನೂ ಹಾಗೇ ಹಾಕ್ತಿದ್ದನೇನೋ, ಅದಕ್ಕೇ ಬಿಟ್ಟು ಹೋದ್ಳು ಅಂತ." ನಗು ಅರ್ಧಕ್ಕೇ ನಿಂತಿತು. ತೋಟಾದ ತುದಿಯನ್ನು ಮತ್ತೆ ನೋಡಿದಳು. "ಇದು ಎಲ್ಲಿ ಸಿಕ್ತು?"

"ಅವನ ಕೋವಿಯೊಳಗೆ."

"ಆಗೋಕೆ ಸಾಧ್ಯವೇ ಇಲ್ಲ. ಇದು ಕಾಗದದ ಗುರಿಗೆ ಹೊಡೆಯೋ ಗುಂಡು. ತೆಳು ಮೂಗು. ನೇರ ಹೋಗುತ್ತೆ, ಆದ್ರೆ ಜಿಂಕೆ ಒಳಗೆ ಹೊಕ್ಕರೆ ಏನು ಮಾಡುತ್ತೆ ಅಂತ ಹೇಳೋಕಾಗಲ್ಲ. ಪ್ರಾಣಿ ನರಳಿ ಸಾಯುತ್ತೆ. ಹೋದ ವರ್ಷ ಒಬ್ಬ ಇಂಥದ್ರಲ್ಲಿ ಜಿಂಕೆ ಹೊಡ್ಕೊಂಡು ಬಂದಿದ್ದಕ್ಕೆ, ಇದೇ ಅಂಗಡೀಲಿ, ಗಿರಾಕಿಗಳ ಮುಂದೆ ಆಲಿಕ್ ಅವನ ಚಳಿ ಬಿಡಿಸಿದ್ದ. ಬೇಟೆಗೆ ಅವನ ಗುಂಡೇ ಬೇರೆ. ಮೆತ್ತನೆ ಮೂಗಿಂದು, ಹೊಕ್ಕ ಕೂಡ್ಲೇ ಅರಳಿ ತಕ್ಷಣ ಸಾಯಿಸುತ್ತೆ."

ಬುಧವಾರ ಶೋಧನಾ ವಾರಂಟು ಹಿಡಿದು ಆಲಿಕ್‌ನ ಶೆಡ್ಡಿಗೆ ಹೋದರು. ಜಾಮೀನಿನ ಮೇಲೆ ಮನೆಯಲ್ಲೇ ಇದ್ದ ಅವನು ತಾನೇ ಬೀಗ ತೆಗೆದು, ಒಳಗೆ ಬರದೆ, ಅಂಗಳದಲ್ಲಿ ನಿಂತ. ಶೆಡ್ಡು ಆಸ್ಪತ್ರೆಯ ಹಾಗೆ ಶುಚಿಯಾಗಿತ್ತು. ಬೆಂಚಿಗೆ ಬಿಗಿದ ಒತ್ತುಯಂತ್ರ, ಗಾಜಿನ ಮುಚ್ಚಳದೊಳಗಿನ ತಕ್ಕಡಿ, ತೊಳೆದು ಸಾಲಾಗಿ ನಿಲ್ಲಿಸಿದ ಹಿತ್ತಾಳೆ ಕೊಳವೆಗಳು. ಒಂದು ಕಪಾಟಿನಲ್ಲಿ ಬಿಸ್ಕತ್ತಿನ ಕೆಂಪು ಡಬ್ಬಿ, ಮೆತ್ತನೆ ಮೂಗಿನ ಬೇಟೆಯ ತೋಟಾಗಳದು. ಎದುರು ಗೋಡೆಯ ಕಪಾಟಿನಲ್ಲಿ ಐಸ್‌ಕ್ರೀಮಿನ ಬಿಳಿ ಡಬ್ಬಿ, ಗುರಿಹಾಳೆಯವು. ಎರಡರ ನಡುವೆ ಇಡೀ ಶೆಡ್ಡಿನ ಅಗಲ.

ಗೋಡೆಯ ತುಂಬ ಗುರಿಹಾಳೆಗಳು. ಹಳೆಯವುಗಳಲ್ಲಿ ತೂತುಗಳು ಒಂದಕ್ಕೊಂದು ದೂರ; ಅಂಚಿನಲ್ಲಿ ಎರಡು ಬೇರೆ ಬೇರೆ ಕೈಬರಹ, ಒಂದರಲ್ಲಿ ತಂದೆಯನ್ನು ಗೇಲಿ ಮಾಡುವ ಪುಟ್ಟ ಚಿತ್ರಗಳು. ಹೊಸ ಹಾಳೆಗಳಲ್ಲಿ ಒಂದೇ ಕೈಬರಹ. ತೂತುಗಳು ಹತ್ತಿರ ಹತ್ತಿರ ಸರಿದು, ಕೊನೆಯ ಹಾಳೆಯಲ್ಲಿ ಮೂರೂ ಸೇರಿ ಒಂದೇ ಆಗಿದ್ದವು.

"ಒಬ್ಬನೇ ಕೂತು ಇಷ್ಟೆಲ್ಲ..." ಎಂದ ಲೊಟು.

ಶುಕ್ರವಾರ ಇಲಾಖೆಯ ಕೋವಿ ಪರಿಣತ ಬಂದು, ದುರ್ಬೀನಿನ ತಿರುಪು ಮುಟ್ಟದೆ, ಹಳ್ಳದ ಎರಡು ದಂಡೆಗಳ ನಡುವಿನಷ್ಟೇ ದೂರದಲ್ಲಿ ಗುರಿಯಿಟ್ಟು ಪರೀಕ್ಷೆ ಮಾಡಿದ. ಬಿಳಿ ಡಬ್ಬಿಯ ತೋಟಾಗಳು ಗುರಿಯ ನಟ್ಟನಡುವೆ ಹೊಕ್ಕವು. ಕೆಂಪು ಡಬ್ಬಿಯವು ಗೇಣಿನಷ್ಟು ಕೆಳಗೆ ಬಿದ್ದವು. ಬೇಟೆಯ ಗುಂಡಿಗೆ ಹೊಂದಿಸಿಟ್ಟ ಕೋವಿ ಅದಾಗಿರಲಿಲ್ಲ. ಹೊರಡುವ ಮೊದಲೇ ಅದನ್ನು ಬಿಳಿ ಡಬ್ಬಿಗೆ, ಆ ದೂರಕ್ಕೆ ಸರಿಮಾಡಲಾಗಿತ್ತು.

ಅಂದೇ ಮಧ್ಯಾಹ್ನ ಆಲಿಕ್‌ನನ್ನು ಠಾಣೆಗೆ ಕರೆಸಿದರು. ವಕೀಲರು ಬೇಡ ಎಂದು ಸಹಿ ಹಾಕಿದ. ಲೊಟು ಧ್ವನಿಮುದ್ರಣ ಶುರು ಮಾಡಿದ.

"ಕೋವಿಯಲ್ಲಿದ್ದದ್ದು ಯಾವ ಗುಂಡು?"

"ಗುರಿಹಾಳೆಯದು. ಡಬ್ಬಿ ಅದಲುಬದಲಾಗಿರಬೇಕು."

"ಎರಡು ಡಬ್ಬಿ ಎರಡು ಗೋಡೆಗಿವೆ ಆಲಿಕ್."

"ಕತ್ತಲಿತ್ತು. ಅವಸರ."

"ಸರಿ." ನೈರಿ ಹಾಗೇ ಬರೆದುಕೊಳ್ಳತೊಡಗಿದಳು. ಬರೆದದ್ದನ್ನು ಜೋರಾಗಿ ಓದಿದಳು: "ಆರೋಪಿ ಅವಸರದಲ್ಲಿ ತಪ್ಪು ಡಬ್ಬಿಯಿಂದ ತೋಟಾ ತೆಗೆದಿದ್ದಾನೆ. ತುಂಬಿದ್ದೇನು ಅಂತ ನೋಡಿಲ್ಲ. ತೋಟಾ ತುಂಬುವುದರಲ್ಲಿ ಅಜಾಗರೂಕ."

ಆಲಿಕ್ ಮಿಸುಕಾಡಿದ.

"ಅದನ್ನ ಯಾಕೆ ಬರೀತೀಯ?"

"ನೀನೇ ಹೇಳಿದ್ದು. ಬೆರಿಲ್‌ಗೂ ಹೇಳ್ಬೇಕು, ಕ್ಲಬ್ಬಲ್ಲಿ ನಿನ್ನ ತೋಟಾ ಯಾರೂ ಮುಟ್ಟೋದು ಬೇಡ ಅಂತ. ಜಿಂಕೆಗೆ ಕಾಗದದ ಗುಂಡು ಹಾಕೋ ಮನುಷ್ಯ ಮದ್ದಲ್ಲಿ ಏನು ಎಡವಟ್ಟು ಮಾಡಿರ್ತಾನೋ ಯಾರಿಗೆ ಗೊತ್ತು. ರೋರಿಗೆ ಕಲಿಸಿದ್ದೂ ಹೀಗೇನಾ?"

"ನೈರಿ."

"ನೋಡದೆ ತುಂಬೋದು, ನೋಡದೆ ಹೊಡೆಯೋದು. ವೇನ್‌ಗೂ ನಿನಗೂ ಏನು ವ್ಯತ್ಯಾಸ?"

"ಅವನ ಜೊತೆ ನನ್ನ ಹೋಲಿಸಬೇಡ!" ಆಲಿಕ್‌ನ ಅಂಗೈ ಮೇಜಿಗೆ ಬಡಿಯಿತು. "ಬದುಕಲ್ಲಿ ಒಂದು ಸಲವೂ, ಒಂದೇ ಒಂದು ಸಲವೂ ನಾನು ತಪ್ಪು ತೋಟಾ ಕೋವಿಗೆ ಹಾಕಿಲ್ಲ. ನೋಡದೆ ಕೋವಿ ಕುದುರೆ ಎಳೆದಿಲ್ಲ."

ಅಂದದ್ದೇನೆಂದು ತಿಳಿದ ಮೇಲೆ ಅವನು ಮೇಜಿನ ಮೇಲಿದ್ದ ತನ್ನ ಕೈಯನ್ನೇ ನೋಡುತ್ತ ಕುಳಿತ. ನೈರಿ ಪರೀಕ್ಷೆಯ ವರದಿಯನ್ನು ಅವನ ಕಡೆ ಸರಿಸಿದಳು. ಅವನು ಓದಲಿಲ್ಲ.

"ಗೇಣು ಕೆಳಗೆ ಬಿತ್ತಾ ಕೆಂಪಿಂದು?"

"ಹೌದು."

"ಬೀಳಬೇಕು."

"ಯಾವಾಗಿಂದ ಯೋಚಿಸ್ತಿದ್ದೆ?"

"ಪರವಾನಗಿ ವಾಪಸ್ ಬಂತು ಅಂತ ಪಬ್ಬಲ್ಲಿ ಯಾರೋ ಹೇಳಿದ್ರು. ಖುಷಿಯಿಂದ ಹೇಳಿದ್ರು, ಪಾಪ ಅವನೂ ಸಾಕಷ್ಟು ಅನುಭವಿಸಿದ ಅಂತ. ನನ್ನ ಪಕ್ಕದಲ್ಲೇ ನಿಂತು." ವರದಿಯನ್ನು ಹಿಂದಕ್ಕೆ ತಳ್ಳಿದ. "ಆ ಬಂಡೆಗೆ ಅವನು ಪ್ರತಿ ವರ್ಷ ಬರೋದು ಗೊತ್ತಿತ್ತು. ತಿಂಗಳುಗಟ್ಟಲೆ ಆ ತೋಟಾ ಕೂಡಿಸಿದೆ. ಮದ್ದು ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ. ಗುಂಡು ಒಂದು ಕೂದಲೆಳೆ ಮುಂದೆ, ಹಿಂದೆ. ಮೊದ್ಲೆಲ್ಲ ರೋರಿ ದುರ್ಬೀನಿನಲ್ಲಿ ನೋಡಿ ಹೇಳ್ತಿದ್ದ, ಎಡಕ್ಕೆ ಹೋಯ್ತಪ್ಪ, ಮೇಲೆ ಹೋಯ್ತಪ್ಪ, ಕನ್ನಡಕ ಬದಲಾಯಿಸ್ಕೋ ಅಂತ. ಈಗ ಪ್ರತಿ ಗುಂಡಿಗೂ ನಾನೇ ಎದ್ದು ನಡ್ಕೊಂಡು ಹೋಗಿ ನೋಡಿ ಬರಬೇಕು."

"ಹೊಡೆದು ನೀನೇ ಠಾಣೆಗೆ ಬಂದೆ. ಯಾಕೆ?"

"ಅವನಿಗೆ ಕೊಟ್ಟದ್ದನ್ನೇ ನನಗೂ ಕೊಡಲಿ ಅಂತ. ಅಜಾಗರೂಕತೆ. ಮನೇಲಿ ಕೂತ್ಕೊಳ್ಳೋ ಶಿಕ್ಷೆ. ನನ್ನ ಮಗನಿಗೆ ಕಟ್ಟಿದ ಬೆಲೆ ಅದು ತಾನೆ? ನಾನೂ ಅಷ್ಟೇ ತೆತ್ತು ಹೋಗ್ತೀನಿ ಅಂದ್ಕೊಂಡೆ."

"ಅವನ ಹತ್ರ ಕೋವಿ ಇರಲಿಲ್ಲ."

"ನೋಡಿದೆ. ತುಂಬಾ ಹೊತ್ತು ನೋಡಿದೆ. ಚಹಾ ಕುಡೀತಿದ್ದ." ಆಲಿಕ್‌ನ ದನಿ ತಗ್ಗಿತು. "ರೋರಿ ಕೈಯಲ್ಲೂ ಕೋವಿ ಇರಲಿಲ್ಲ ನೈರಿ. ಸೌದೆ ಹೊತ್ಕೊಂಡು ಬರ್ತಿದ್ದ."

ಸಂಜೆ ನಾಲ್ಕು ಗಂಟೆಗೆ ಕೊಲೆಯ ಆಪಾದನೆಯ ಮೇಲೆ ಆಲಿಕ್ ಟುಲ್ಲೊಕ್‌ನನ್ನು ಬಂಧಿಸಲಾಯಿತು. ಹಕ್ಕುಗಳನ್ನು ಓದಿ ಹೇಳಿದ್ದು ಲೊಟು. ಓದುವಾಗ ಒಂದು ಸಾಲು ಬಿಟ್ಟು, ಮತ್ತೆ ಮೊದಲಿನಿಂದ ಓದಬೇಕಾಯಿತು.

ಕೊಲೀನ್‌ಳಿಗೆ ತಿಳಿಸುವುದು ಬಾಕಿಯಿತ್ತು. ನೈರಿ ಹೋದಾಗ ಆಕೆ ಅಂತ್ಯಕ್ರಿಯೆಗೆ ಬರುವವರಿಗೆಂದು ಸ್ಕೋನ್ ಬನ್ನುಗಳನ್ನು ಬೇಯಿಸುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಕುಳಿತು ಕೇಳಿದಳು. ಅಳಲಿಲ್ಲ.

"ದುರ್ಬೀನಿನಲ್ಲಿ ನೋಡಿದ್ನಾ? ವೇನ್ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಮುಖ ಕಾಣ್ತಿತ್ತಾ?"

"ಕಾಣ್ತಿತ್ತು, ಕೊಲೀನ್."

ಒಲೆಯೊಳಗಿನಿಂದ ಸೀದ ವಾಸನೆ ಬರತೊಡಗಿತು. ಇಬ್ಬರೂ ಏಳಲಿಲ್ಲ.

"ವೇನ್ ನಿದ್ದೇಲೂ ಅದನ್ನೇ ಬಡಬಡಿಸ್ತಿದ್ದ," ಎಂದಳು ಕೊನೆಗೆ. "ಒಂದು ಸಲ ಆ ಹುಡುಗ ಈ ಕಡೆ ತಿರುಗಿದ್ರೆ ಸಾಕಿತ್ತು, ಮುಖ ಕಂಡಿದ್ರೆ ನಾನು ಹೊಡೀತಿರಲಿಲ್ಲ ಅಂತ. ಮುಖ ಕಂಡ ಮೇಲೆ ಯಾರಿಗೂ ಹೊಡೆಯೋಕಾಗಲ್ಲ ಅಂತಲೇ ನಂಬಿದ್ದ."