ಓಬುಲಣ್ಣ ಓಡುತ್ತಿದ್ದ ಜಾಗ

“ಗೋ…” ಎಂದು ಮೌನಿಕಾ ಶುರುಮಾಡಿದ ಕೂಗು “…ಲ್” ಆಗುವ ಮೊದಲೇ ಗಂಟಲಲ್ಲಿ ನಿಂತುಹೋಯಿತು.

ಚೆಂಡು ಗೋಲಿನ ಕಂಬದ ಮೇಲಿಂದ ಹಾರಿ, ಮೈದಾನದಾಚೆಯ ಜಾಲಿ ಗಿಡಗಳಲ್ಲಿ ಬಿದ್ದಿತ್ತು.

“ಹೋತು! ಈ ಸಲನೂ ಹೋತು!” ಪಕ್ಕದಲ್ಲಿದ್ದ ಸುನೀತಾ ಹಣೆ ಚಚ್ಚಿಕೊಂಡಳು.

ಇಬ್ಬರೂ ಐದನೇ ಕ್ಲಾಸು. ರಾಯದುರ್ಗದ ಹೈಸ್ಕೂಲ್ ಮೈದಾನದ ಕಾಂಪೌಂಡ್ ಗೋಡೆ ಪ್ರತಿ ಭಾನುವಾರ ಅವರ ಸೀಟು. ಊರಿನ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಅಂದು ರಜೆ. ವಾರವೆಲ್ಲ ಮಷಿನ್ ಮುಂದೆ ಬಗ್ಗಿ ಕೂತವರು ಅಂದು ಶೂ ಹಾಕಿಕೊಂಡು ಓಡುತ್ತಾರೆ. ಅವರದೇ ‘ಕೋಟೆ ಟೀಮು’. ಅದರ ಸ್ಟ್ರೈಕರ್ ಓಬುಲೇಶ್.

ಹೋದ ವರ್ಷ ಓಬುಲೇಶನ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಎದುರಿನ ಗೋಲ್‌ಕೀಪರ್ ಮುಖ ಸಪ್ಪಗಾಗುತ್ತಿತ್ತು. ಗುಮ್ಮಘಟ್ಟ ಟೀಮಿನವರಂತೂ ಅವನೊಬ್ಬನ ಹಿಂದೆ ಇಬ್ಬರನ್ನು ಬಿಡುತ್ತಿದ್ದರು. ಮೌನಿಕಾ ತನ್ನ ಬ್ಯಾಗಿನ ಮೇಲೆ ಪೆನ್ನಿನಿಂದ ಅವನ ಜೆರ್ಸಿಯ ನಂಬರ್ ಬರೆದುಕೊಂಡು ಅವ್ವನ ಹತ್ತಿರ ಬೈಸಿಕೊಂಡಿದ್ದಳು.

ಈ ವರ್ಷ ಏನಾಯಿತೋ ಏನೋ. ಸಂಕ್ರಾಂತಿ ಕಳೆದ ಮೇಲೆ ಅವನಿಂದ ಒಂದೇ ಒಂದು ಗೋಲಿಲ್ಲ.

ಅಂದಿನ ಮ್ಯಾಚನ್ನೂ ಕೋಟೆ ಟೀಮು ಸೋತಿತು. ಆಟ ಮುಗಿಸಿ ಓಬುಲೇಶ್ ಗೋಡೆಯ ಕೆಳಗಿನ ನಲ್ಲಿಗೆ ಬಂದ. ಅವನನ್ನು ನೋಡುತ್ತಿದ್ದಂತೆ ಮೌನಿಕಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಓಬುಲಣ್ಣ, ನಿಮಗ ಗೋಲ್ ಕಾಣಂಗಿಲ್ಲೇನ್ರಿ? ಅಷ್ಟು ದೊಡ್ಡದೈತಿ!”

ಗೋಡೆಯ ಮೇಲಿದ್ದ ಹುಡುಗರೆಲ್ಲ ಹೋ ಎಂದು ನಕ್ಕರು. ಓಬುಲೇಶ್ ಮುಖಕ್ಕೆ ನೀರು ಎರಚಿಕೊಂಡು ಮೇಲೆ ನೋಡಿದ.

“ನಿಜ ಐತಿ ಬಿಡವ್ವ” ಎಂದು ಬಾಟಲಿಗೆ ನೀರು ತುಂಬಿಕೊಂಡು ಹೋದ.

ಟೀಮು ನಡೆಸುವ ಪಾಪಣ್ಣ ಆಗಲೇ ಎಲ್ಲರೆದುರು ಹೇಳುತ್ತಿದ್ದ. “ಮುಂದಿನ ಭಾನುವಾರ ಮಡಕಶಿರಾದವರು ಬರ್ತಾರ. ಅವತ್ತೊಂದು ದಿನ ನೋಡ್ತೀನಿ. ಆಗ್ಲಿಲ್ಲಂದ್ರ ಓಬುಲೇಶನ ಜಾಗಕ್ಕ ಬ್ಯಾರೆಯವರು.”

ಮನೆಗೆ ಹೋಗುವಾಗ ಸುನೀತಾ ಗುಟ್ಟು ಹೇಳುವಂತೆ ಹೇಳಿದಳು. “ಆತನ ಕಾಲಿಗೆ ದೃಷ್ಟಿ ಆಗೈತಿ. ನಮ್ಮಜ್ಜಿ ಉಪ್ಪು ನಿವಾಳಿಸಿ ದೃಷ್ಟಿ ತೆಗೀತಾಳ. ಕರ್ಕಂಡು ಹೋಗಾಣೇನು?”

“ದೃಷ್ಟಿನೂ ಇಲ್ಲ, ಏನೂ ಇಲ್ಲ. ಕಾಲು ನೋವಿರಬೇಕು. ಯಾರಿಗೂ ಹೇಳ್ತಿಲ್ಲ ಅಷ್ಟೇ.”

ಯಾವ ಕಾಲು ಎಂದು ತಾನೇ ಕಂಡುಹಿಡಿಯಬೇಕು ಅಂದುಕೊಂಡಳು ಮೌನಿಕಾ.

ಬುಧವಾರ ಸಂಜೆ ಪ್ರಾಕ್ಟೀಸ್ ಇತ್ತು. ಅವಳು ಒಬ್ಬಳೇ ಗೋಡೆ ಹತ್ತಿ ಕೂತಳು. ಚೆಂಡು ಎಲ್ಲಿಗಾದರೂ ಹೋಗಲಿ, ತಾನು ಓಬುಲೇಶನನ್ನು ಬಿಟ್ಟು ಬೇರೆ ಏನನ್ನೂ ನೋಡಬಾರದು ಎಂದು ಗಟ್ಟಿ ಮಾಡಿಕೊಂಡಳು. ಅದು ಬಹಳ ಕಷ್ಟ. ಕಣ್ಣು ತಾನಾಗಿಯೇ ಚೆಂಡಿನ ಹಿಂದೆ ಓಡುತ್ತಿತ್ತು. ಮತ್ತೆ ಮತ್ತೆ ಎಳೆದು ತಂದಳು.

ಓಬುಲೇಶ್ ಕುಂಟುತ್ತಿರಲಿಲ್ಲ. ಎರಡೂ ಕಾಲು ಚೆನ್ನಾಗಿಯೇ ಇದ್ದವು.

ಆದರೆ ಒಂದು ವಿಚಿತ್ರ ಕಂಡಿತು. ಅವನು ನಿಂತಲ್ಲಿಂದ ಇದ್ದಕ್ಕಿದ್ದಂತೆ ಬಾಣದ ಹಾಗೆ ಓಡುತ್ತಿದ್ದ. ಎದುರಿನವರ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಹೋಗಿ ಎಡಗಡೆ ತಿರುಗಿ ನೋಡುತ್ತಿದ್ದ. ಅಲ್ಲಿಗೆ ಚೆಂಡು ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ನಡೆದುಕೊಂಡು ವಾಪಸ್ ಬರುತ್ತಿದ್ದ. ಅಷ್ಟರಲ್ಲಿ ಎದುರಿನವರು ಬಂದು ಸುತ್ತುವರಿಯುತ್ತಿದ್ದರು. ಆಗ ಬರುತ್ತಿತ್ತು ಚೆಂಡು. ಅಷ್ಟು ಜನರ ನಡುವಿನಿಂದ ಒದ್ದರೆ ಅದು ಜಾಲಿ ಗಿಡಕ್ಕೇ ಹೋಗಬೇಕು.

ಹೋದ ವರ್ಷ ಎಡಗಡೆ ಆಡುತ್ತಿದ್ದವನು ರಾಮಾಂಜಿ. ಅವನು ತಲೆ ಎತ್ತಿ ನೋಡುವ ಮೊದಲೇ ಚೆಂಡು ಹೊರಟುಬಿಡುತ್ತಿತ್ತು. ಓಬುಲೇಶ್ ಎಲ್ಲಿಗೆ ಓಡುತ್ತಾನೆಂದು ಅವನಿಗೆ ಗೊತ್ತಿತ್ತು. ಸಂಕ್ರಾಂತಿ ಮುಗಿಸಿಕೊಂಡು ರಾಮಾಂಜಿ ಹೆಂಡತಿ ಮಕ್ಕಳ ಜೊತೆ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ.

ಈಗ ಆ ಜಾಗದಲ್ಲಿ ಯಾರು? ಮೌನಿಕಾ ಎಡಗಡೆ ನೋಡಿದಳು. ನೋಡುವ ಅಗತ್ಯವೇ ಇರಲಿಲ್ಲ, ಅವಳಿಗೆ ಗೊತ್ತಿತ್ತು. ಆದರೂ ನೋಡಿದಳು.

ಅಲ್ಲಿ ಅವಳ ಅಣ್ಣ ಎರ್ರಿಸ್ವಾಮಿ ಚೆಂಡನ್ನು ಕಾಲ ಕೆಳಗೆ ಹಿಡಿದುಕೊಂಡು ನಿಂತಿದ್ದ.

ಪ್ರಾಕ್ಟೀಸ್ ಮುಗಿದ ಮೇಲೆ ಮನೆಯಲ್ಲಿ ಅಣ್ಣ ಬಚ್ಚಲ ಕಲ್ಲಿನ ಮೇಲೆ ಶೂ ತೊಳೆಯುತ್ತಿದ್ದ. ಮೌನಿಕಾ ಹತ್ತಿರ ಹೋಗಿ ನಿಂತಳು.

“ಅಣ್ಣ, ಓಬುಲಣ್ಣಗ ನೀ ಯಾಕ ಬಾಲ್ ಲೇಟಾಗಿ ಕೊಡ್ತಿ?”

ಬ್ರಷ್ ನಿಂತಿತು. “ಏನಂದಿ?”

“ಆತ ಓಡ್ತಾನ. ನಿನ್ನ ಕಡಿ ನೋಡ್ತಾನ. ನೀ ಸುಮ್ನ ನಿಂತಿರ್ತಿ.”

“ಗೋಡಿ ಮ್ಯಾಲೆ ಕುಂತು ಶೇಂಗಾ ತಿನ್ನೋಳಿಗೆ ಏನು ಗೊತ್ತಾಗ್ತತಿ? ಆಡೋದು ನಾನಾ, ನೀನಾ?” ಎರ್ರಿಸ್ವಾಮಿ ಶೂ ಎಸೆದ. ಅದು ಬಕೆಟ್‌ಗೆ ಬಡಿದು ಉರುಳಿತು. ಒಳಗಿನಿಂದ ಅವ್ವ “ಏನ್ರೋ ಅದು?” ಎಂದಳು.

ಎರ್ರಿಸ್ವಾಮಿ ಜೂನಿಯರ್ ಕಾಲೇಜಿನಲ್ಲಿ ಇಂಟರ್ ಮೊದಲನೇ ವರ್ಷ. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಊಟಕ್ಕೆ ಕೂತಾಗಲೂ ಅವನು ತಂಗಿಯ ಮುಖ ನೋಡಲಿಲ್ಲ. ಅವ್ವ ಸಾರು ತರಲು ಒಳಗೆ ಹೋದಾಗ ಮಾತ್ರ ತಟ್ಟೆಯ ಜೊತೆ ಮಾತಾಡುವವನಂತೆ ಮೆಲ್ಲಗೆ ಹೇಳಿದ.

“ರಾಮಾಂಜಣ್ಣ ನೋಡದೇ ಹೊಡಿತಿದ್ದ. ನನಗ ಧೈರ್ಯ ಆಗಂಗಿಲ್ಲ. ತಪ್ಪು ಕಡಿ ಹೋದ್ರ, ಈ ಹುಡುಗನ್ನ ಯಾಕ ತಗಂಡ್ರಿ ಅಂತಾರ. ಅದಕ ಆತನ ಕಾಲು ಸರಿಯಾಗಿ ಕಾಣೋತನಕ ಕಾಯ್ತೀನಿ.”

“ಆತ ನಿನಗ ಬೈಲಿಲ್ಲೇನು?”

“ಒಂದ ಸಲನೂ ಬೈದಿಲ್ಲ.”

ಮೌನಿಕಾ ತಟ್ಟೆ ಪಕ್ಕಕ್ಕೆ ಸರಿಸಿದಳು. ನಲ್ಲಿಯ ಹತ್ತಿರ ತಾನು ಕೂಗಿದ್ದು, ಹುಡುಗರು ನಕ್ಕಿದ್ದು, “ನಿಜ ಐತಿ ಬಿಡವ್ವ” ಎಂದಿದ್ದು ಎಲ್ಲ ಒಟ್ಟಿಗೇ ನೆನಪಾಯಿತು.

ಮರುದಿನ ಸ್ಕೂಲ್ ಬಿಟ್ಟ ಮೇಲೆ ಅವಳು ಓಬುಲೇಶ್ ಕೆಲಸ ಮಾಡುವ ಯೂನಿಟ್‌ಗೆ ಹೋದಳು. ಅವಳ ಅವ್ವನೂ ಅಲ್ಲೇ ಹೊಲಿದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತಾಳೆ. ಸಂಜೆ ಇಬ್ಬರೂ ಜೊತೆಗೇ ಮನೆಗೆ ಬರುವುದು ರೂಢಿ. ಟೀ ಹೊತ್ತು. ಮಷಿನ್‌ಗಳು ನಿಂತಿದ್ದವು. ಓಬುಲೇಶ್ ಹೊರಗೆ ಬೇವಿನ ಮರದಡಿ ಜೀನ್ಸ್ ಮೂಟೆಯೊಂದರ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅವನ ಬೆರಳುಗಳು ಬಟ್ಟೆಯ ಬಣ್ಣ ಹತ್ತಿ ನೀಲಿಯಾಗಿದ್ದವು.

ಮೌನಿಕಾ ಎದುರು ಹೋಗಿ ನಿಂತಳು.

“ಏನವ್ವ, ಇವತ್ತೂ ಬೈಬೇಕೇನು?” ಓಬುಲೇಶ್ ನಕ್ಕ.

“ಓಬುಲಣ್ಣ, ನಮ್ಮಣ್ಣ ಬಾಲ್ ಲೇಟಾಗಿ ಕೊಡ್ತಾನ. ನಾ ನೋಡೀನಿ.”

ಓಬುಲೇಶನ ನಗು ಹೋಯಿತು. ಅವನು ಸುತ್ತ ಒಮ್ಮೆ ನೋಡಿ, “ಪಾಪಣ್ಣಗ ಹೇಳೀಯೇನು?” ಎಂದ.

“ಇಲ್ರಿ.”

“ಹೇಳಬ್ಯಾಡ.” ಅವನು ಉಸಿರು ಬಿಟ್ಟ.

“ನೀವ್ಯಾಕ ಹೇಳ್ಲಿಲ್ರಿ? ಎಲ್ಲಾರೂ ನಿಮಗ ಬೈತಾರ. ನಾನೂ…”

“ರಾಮಾಂಜಿ ಏನು ಕಡಿಮಿ ಇದ್ದನೇನು? ಮೊದಲ್ನೇ ವರ್ಷ ಬಾಲೆಲ್ಲಾ ಜಾಲಿ ಗಿಡಕ್ಕ ಪಾಸ್ ಕೊಡ್ತಿದ್ದ. ಮುಳ್ಳು ಚುಚ್ಚಿ ಬಾಲು ಪಂಚರ್ ಆಗಿ ಆಗಿ ನಮಗ ಸಾಕಾಗಿತ್ತು.” ಅವನು ಮತ್ತೆ ನಕ್ಕ. “ನಿಮ್ಮಣ್ಣನ ಕಾಲು ಚಂದ ಐತಿ. ಹೆದ್ರಿಕಿ ಒಂದು ಹೋಗ್ಬೇಕು.”

“ಅಷ್ಟರಾಗ ಪಾಪಣ್ಣ ನಿಮ್ಮನ್ನ ಹೊರಗ ಕುಂದ್ರಿಸಿದ್ರ?”

ಓಬುಲೇಶ್ ಉಳಿದ ಟೀ ಕುಡಿದು ಮುಗಿಸಿದ. ಒಳಗೆ ಮಷಿನ್‌ಗಳು ಶುರುವಾದವು. ಅವನು ಎದ್ದು ಲೋಟ ತೊಳೆದಿಟ್ಟು ಒಳಗೆ ಹೋದ.

ಅವನು ಹೇಳಿದ್ದನ್ನು ಮೌನಿಕಾ ಅಣ್ಣನಿಗೆ ಇದ್ದದ್ದು ಇದ್ದ ಹಾಗೇ ಹೇಳಿದಳು. ಜಾಲಿ ಗಿಡದ ಪಾಸಿನ ವಿಷಯಕ್ಕೆ ಎರ್ರಿಸ್ವಾಮಿಗೆ ನಗು ಬಂತು. “ಕಾಲು ಚಂದ ಐತಿ ಅಂದ್ನಾ?” ಎಂದು ಒಮ್ಮೆ ಕೇಳಿದ. “ಹೂಂ, ಅಂದ್ನು.” ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೇಳಿದ.

ಶುಕ್ರವಾರ ಬೆಳಿಗ್ಗೆ ಮೌನಿಕಾ ಏಳುವಷ್ಟರಲ್ಲಿ ಅಣ್ಣನ ಶೂ ಬಾಗಿಲಲ್ಲಿರಲಿಲ್ಲ. ಅವಳು ಮುಖ ಕೂಡ ತೊಳೆಯದೆ ಮೈದಾನಕ್ಕೆ ಓಡಿದಳು. ಕೋಟೆ ಬೆಟ್ಟದ ತುದಿಗೆ ಆಗಷ್ಟೇ ಬಿಸಿಲು ಬಿದ್ದಿತ್ತು. ಕೆಳಗೆ ಇಬ್ಬರೇ ಇದ್ದರು.

“ನನ್ನ ನೋಡಬ್ಯಾಡ!” ಓಬುಲೇಶ್ ಓಡುತ್ತಾ ಕೂಗುತ್ತಿದ್ದ. “ಜಾಗ ನೋಡು! ನಾ ಬರ್ತೀನಿ!”

ಎರ್ರಿಸ್ವಾಮಿ ಒದ್ದ. ಚೆಂಡು ನೇರ ಜಾಲಿ ಗಿಡಕ್ಕೆ. ಅವನು ತಲೆ ಮೇಲೆ ಕೈ ಹೊತ್ತು ನಿಂತ. ಓಬುಲೇಶ್ ಹೋಗಿ, ಮುಳ್ಳಿನ ನಡುವೆ ಕೈ ಹಾಕಿ ಚೆಂಡು ತಂದುಕೊಟ್ಟ.

ಭಾನುವಾರ ಮಡಕಶಿರಾದವರು ಹಳದಿ ಜೆರ್ಸಿ ಹಾಕಿಕೊಂಡು ಬಂದರು. ಗೋಡೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೊದಲರ್ಧದಲ್ಲಿ ಯಾರಿಗೂ ಗೋಲಾಗಲಿಲ್ಲ. ಎರ್ರಿಸ್ವಾಮಿ ಒಂದೆರಡು ಸಲ ಮತ್ತೆ ಚೆಂಡು ಹಿಡಿದು ನಿಂತುಬಿಟ್ಟ. ಮೌನಿಕಾ ಲಂಗದ ಅಂಚು ಬಿಗಿಯಾಗಿ ಹಿಡಿದುಕೊಂಡಳು.

ಎರಡನೇ ಅರ್ಧ. ಓಬುಲೇಶ್ ಓಡಿದ. ಈ ಸಲ ಎರ್ರಿಸ್ವಾಮಿ ತಲೆ ಎತ್ತಲಿಲ್ಲ. ಚೆಂಡು ಯಾರೂ ಇಲ್ಲದ ಜಾಗಕ್ಕೆ ಹೊರಟಿತು. ಅಲ್ಲಿಗೆ ಓಬುಲೇಶ್ ಬಂದ, ಒದ್ದ. ಠಣ್! ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

“ಛೇ! ಇವಗ ಆಗಂಗಿಲ್ಲ ಬಿಡು!” ಗೋಡೆಯ ತುಂಬ ಅದೇ ಮಾತು.

ಮೌನಿಕಾ ಒಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

“ಏ, ಗೋಲ್ ಆಗೇ ಇಲ್ಲ. ನಿನಗೇನು ಹುಚ್ಚೇನು?” ಸುನೀತಾ ಅವಳ ಲಂಗ ಹಿಡಿದು ಎಳೆದಳು.

ಕೆಳಗೆ ಓಬುಲೇಶ್ ಎರ್ರಿಸ್ವಾಮಿಯ ಕಡೆ ಬೆರಳೆತ್ತಿ “ಇನ್ನೊಂದು!” ಎಂದ. ಆ ಇನ್ನೊಂದು ಬರಲು ಬಹಳ ಹೊತ್ತು ಹಿಡಿಯಿತು. ಆಟ ಮುಗಿಯುತ್ತಾ ಬಂದಾಗ, ಅದೇ ಎಡಗಡೆಯಿಂದ, ಇನ್ನೂ ಬೇಗ ಬಂತು. ಓಬುಲೇಶ್ ಜೋರಾಗಿ ಒದೆಯಲೂ ಇಲ್ಲ, ಸುಮ್ಮನೆ ಕಾಲು ಕೊಟ್ಟ. ಬಲೆ ಅಲ್ಲಾಡಿತು.

ಮೌನಿಕಾಳ ಈ ಸಲದ “ಗೋಲ್” ಎಷ್ಟು ಉದ್ದ ಇತ್ತೆಂದರೆ, ಕೊನೆಗೆ ಅವಳಿಗೆ ಕೆಮ್ಮು ಬಂತು.

ಆಟ ಮುಗಿದದ್ದೇ ಮೈದಾನದ ತುಂಬ ಜನ. ಪಾಪಣ್ಣ ಓಬುಲೇಶನನ್ನು ಹೆಗಲ ಮೇಲೆ ಹೊತ್ತಿದ್ದ. “ಬಂದ ನೋಡ್ರಿ ನಮ್ಮ ಹಳೇ ಓಬುಲೇಶ!” ಎಂದು ಕೂಗುತ್ತಿದ್ದ. ಓಬುಲೇಶ್ ಮೇಲಿನಿಂದ “ಪಾಸ್ ನೋಡಿದ್ರೇನು? ಆ ಪಾಸ್…” ಎಂದು ಏನೋ ಹೇಳಲು ಹೋದ. ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು?

ಅದು ನಮ್ಮಣ್ಣ ಕೊಟ್ಟಿದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕೆಂದು ಮೌನಿಕಾ ಗೋಡೆಯಿಂದ ಜಿಗಿದಳು. ಅಷ್ಟರಲ್ಲಿ ಎರ್ರಿಸ್ವಾಮಿ ಕಂಡ. ಅವನು ಗುಂಪಿನಿಂದ ದೂರ, ನಲ್ಲಿಯ ಕಟ್ಟೆಯ ಮೇಲೆ ಕೂತು ಶೂ ಲೇಸ್ ಬಿಚ್ಚುತ್ತಿದ್ದ. ಹೆಗಲ ಮೇಲಿನ ಓಬುಲೇಶನನ್ನು ನೋಡಿ ಒಬ್ಬನೇ ನಗುತ್ತಿದ್ದ. ಅಣ್ಣನ ಅಂಥ ನಗುವನ್ನು ಅವಳು ಈ ವರ್ಷ ನೋಡಿರಲಿಲ್ಲ.

ಅವಳು ಕೂಗಲಿಲ್ಲ. ಹೋಗಿ ಅವನ ಪಕ್ಕ ಕೂತಳು.

ಸುನೀತಾ ಏದುಸಿರು ಬಿಡುತ್ತಾ ಬಂದಳು. “ಏ ಮೌನಿಕಾ, ನಿಮ್ಮಣ್ಣ ಇವತ್ತು ಚಂದ ಆಡಿದ್ನೇನು? ನಾ ಓಬುಲಣ್ಣನ್ನ ನೋಡೋದ್ರಾಗ ನೋಡ್ಲೇ ಇಲ್ಲ.”

ಮೌನಿಕಾ ಅಣ್ಣನ ಧೂಳು ತುಂಬಿದ ಶೂ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

“ನಾ ನೋಡೀನಿ” ಎಂದಳು.